ಸಿನಿಮಾ ಕಲಿಯಲು ಹೊಸ ಊರಿಗೆ: ಗಂಟುಮೂಟೆ ಕಟ್ಟುವ ಮುಂಚೆ

ಫಿಲ್ಮ್ ಸ್ಕೂಲಿನಲ್ಲಿ ಸ್ನಾತಕೋತ್ತರ ಸೀಟು ಸಿಕ್ಕಿದೆ ಅಂದಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಯಾವ ಕ್ಯಾಮೆರಾ ತಗೊಳ್ತೀಯಾ?’ ನನ್ನನ್ನೂ ಕೇಳಿದ್ದರು. ನಾನೂ ಅದೇ ಧ್ಯಾನದಲ್ಲಿ ಒಂದು ತಿಂಗಳು ಕಳೆದೆ. ಅಲ್ಲಿಗೆ ಹೋದ ಮೇಲೆ ಮೊದಲ ಆರು ತಿಂಗಳು ನನ್ನ ಕೈಗೆ ಬಂದಿದ್ದು ಕ್ಯಾಮೆರಾಗಿಂತ ಜಾಸ್ತಿ ಮರಳಿನ ಚೀಲ, ಲೈಟ್ ಸ್ಟ್ಯಾಂಡ್ ಮತ್ತು ಕೇಬಲ್ ಸುರುಳಿ.

ಈ ಓದು ಅರ್ಧ ಕ್ಲಾಸಿನಲ್ಲಿ ನಡೆಯುತ್ತದೆ, ಇನ್ನರ್ಧ ಬೇರೆಯವರ ಶೂಟಿಂಗಿನಲ್ಲಿ. ಕಾಲೇಜಿನ ಕೈಪಿಡಿ ಮೊದಲ ಅರ್ಧದ ಬಗ್ಗೆ ಎಲ್ಲ ಹೇಳುತ್ತದೆ. ಮನೆ, ದುಡ್ಡು, ಸಾಮಾನು ಮೂರನ್ನೂ ನೀವು ಎರಡನೇ ಅರ್ಧಕ್ಕೆ ಒಗ್ಗುವಂತೆ ಏರ್ಪಾಡು ಮಾಡಿಕೊಳ್ಳಬೇಕು.

ಮೊದಲು: ಆಫೀಸಿಗಲ್ಲ, ಸೀನಿಯರ್‌ಗೆ ಫೋನ್ ಮಾಡಿ

ಶುಲ್ಕ ಎಷ್ಟು, ಕೊನೆಯ ದಿನ ಯಾವುದು ಎಂಬುದನ್ನೆಲ್ಲ ಆಫೀಸಿನವರು ಹೇಳುತ್ತಾರೆ. ಉಳಿದದ್ದನ್ನು ಎರಡನೇ ವರ್ಷದಲ್ಲಿ ಓದುತ್ತಿರುವ ಯಾರಾದರೂ ಇಬ್ಬರಿಗೆ ಕೇಳಿ. ಒಬ್ಬರಿಗಲ್ಲ, ಇಬ್ಬರಿಗೆ. ಒಬ್ಬರು ಅವತ್ತು ತಾನೇ ಯಾವುದೋ ಶೂಟಿಂಗಿನಿಂದ ಸುಸ್ತಾಗಿ ಬಂದಿದ್ದರೆ ಎಲ್ಲವೂ ಕೆಟ್ಟದಾಗಿಯೇ ಕಾಣುತ್ತದೆ.

ಕ್ಯಾಮೆರಾ ಎಷ್ಟು ದಿನಕ್ಕೆ ಕೊಡುತ್ತಾರೆ? ಸಾಮಾನು ಹಾಳಾದರೆ ವಿಮೆ ಯಾರದ್ದು? ಎಡಿಟಿಂಗ್ ರೂಮು ರಾತ್ರಿಯೂ ತೆರೆದಿರುತ್ತದಾ? ಒಂದು ಕಿರುಚಿತ್ರಕ್ಕೆ ಸ್ವಂತ ಜೇಬಿನಿಂದ ಎಷ್ಟು ಹೋಗುತ್ತದೆ? ಮುಖ್ಯವಾಗಿ, ಮಾಡಿದ ಚಿತ್ರ ಯಾರ ಹೆಸರಿನಲ್ಲಿರುತ್ತದೆ? ಕೆಲವು ಕಡೆ ಹಕ್ಕು ವಿದ್ಯಾರ್ಥಿಯದ್ದು, ಕೆಲವು ಕಡೆ ಸಂಸ್ಥೆಯದ್ದು. ಮುಂದೆ ಚಿತ್ರವನ್ನು ಉತ್ಸವಕ್ಕೆ ಕಳಿಸುವಾಗ, ಮಾರುವಾಗ ಈ ಒಂದು ಸಾಲು ತುಂಬಾ ತಲೆಬಿಸಿ ಮಾಡುತ್ತದೆ. ಸಹಿ ಹಾಕುವ ಮುಂಚೆ ಓದಿ.

ದುಡ್ಡಿನ ವಿಷಯದಲ್ಲಿ ನನ್ನದು ಒಂದೇ ಮಾತು. ಫೀಸು, ಊಟ-ಬಾಡಿಗೆ, ಸಿನಿಮಾ ಅಂತ ಮೂರು ಪಾಲು ಮಾಡಿ, ಮೂರನೆಯದನ್ನು ಬೇರೆ ಖಾತೆಯಲ್ಲೇ ಇಡಿ. ಕೋರ್ಸು ಸಾಮಾನ್ಯವಾಗಿ ಎರಡು ಮೂರು ವರ್ಷದ್ದು. ಎಲ್ಲಕ್ಕಿಂತ ದೊಡ್ಡ ಚಿತ್ರ ಮಾಡಬೇಕಾಗುವುದು ಕೊನೆಯ ವರ್ಷ. ಕೈ ಖಾಲಿಯಾಗುವುದೂ ಅದೇ ವರ್ಷ. ಒಂದೇ ಖಾತೆಯಲ್ಲಿಟ್ಟರೆ ಬಾಡಿಗೆ ಸದ್ದಿಲ್ಲದೆ ಸಿನಿಮಾವನ್ನು ತಿಂದುಹಾಕುತ್ತದೆ.

ಏನು ಕಟ್ಟಿಕೊಳ್ಳಬೇಕು, ಏನು ಬಿಡಬೇಕು

ಕ್ಯಾಮೆರಾ ಇದ್ದರೆ ಒಯ್ಯಿರಿ. ಇಲ್ಲದಿದ್ದರೆ ಮೊದಲ ಸೆಮಿಸ್ಟರ್ ಮುಗಿಯುವವರೆಗೂ ಕೊಳ್ಳಬೇಡಿ. ಸ್ಕೂಲಿನ ಸ್ಟೋರಿನಲ್ಲಿ ಏನಿದೆ, ಗೆಳೆಯರ ಹತ್ತಿರ ಯಾವ ಲೆನ್ಸ್ ಇದೆ ಅಂತ ನೋಡದೆ ಕೊಂಡರೆ ಆಮೇಲೆ ಒಂದಕ್ಕೊಂದು ಕೂರುವುದಿಲ್ಲ. ಅದೇ ದುಡ್ಡಿನಲ್ಲಿ ಒಂದು ಸ್ವಲ್ಪ ತೆಗೆದು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ದಪ್ಪ ಸೋಲ್‌ನ ಶೂ, ಬಿಸಿ ಲೈಟ್ ಮುಟ್ಟಲು ಚರ್ಮದ ಕೈಗವಸು, ಹಣೆಗೆ ಕಟ್ಟುವ ಟಾರ್ಚ್ ತಗೊಳ್ಳಿ. ನಗಬೇಡಿ, ರಾತ್ರಿ ಶೂಟಿಂಗಿನಲ್ಲಿ ಎರಡೂ ಕೈ ಖಾಲಿ ಇರುವವನೇ ರಾಜ.

ವಿಮಾನದಲ್ಲಿ ಹೋಗುವುದಾದರೆ ಬ್ಯಾಟರಿ ಲೆಕ್ಕ ಹಾಕಿಕೊಳ್ಳಿ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ದೊಡ್ಡ ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಒಂದೊಂದೂ 100 ವ್ಯಾಟ್-ಅವರ್ ಒಳಗಿದ್ದರೆ ತೊಂದರೆಯಿಲ್ಲ. 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದೂ ಎರಡೇ. ಅದಕ್ಕಿಂತ ದೊಡ್ಡದಕ್ಕೆ ಪ್ರಯಾಣಿಕರ ಲಗೇಜಿನಲ್ಲಿ ಜಾಗವೇ ಇಲ್ಲ. ಬ್ಯಾಟರಿ ಮೇಲೆ ವೋಲ್ಟ್ ಮತ್ತು ಆಂಪಿಯರ್-ಅವರ್ ಬರೆದಿರುತ್ತದೆ, ಎರಡನ್ನೂ ಗುಣಿಸಿದರೆ ವ್ಯಾಟ್-ಅವರ್. 7.2 ವೋಲ್ಟ್, 2.28 ಆಂಪಿಯರ್-ಅವರ್ ಇರುವ ಸಣ್ಣ ಕ್ಯಾಮೆರಾ ಬ್ಯಾಟರಿ 16.4 ಆಯಿತು. ದೊಡ್ಡ ಸಿನಿಮಾ ಬ್ಯಾಟರಿಗಳಲ್ಲಿ 98 ಅನ್ನುವ ಸಂಖ್ಯೆ ಪದೇ ಪದೇ ಕಾಣುವುದಕ್ಕೂ ಈ ನಿಯಮವೇ ಕಾರಣ. ಲೋಹದ ತುದಿಗಳಿಗೆ ಟೇಪ್ ಅಂಟಿಸಿ. ಕೆಲವು ವಿಮಾನ ಸಂಸ್ಥೆಗಳು ಇನ್ನೂ ಬಿಗಿ ಇರುತ್ತವೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ತೊಳೆಯದ ಫಿಲ್ಮ್ ರೋಲ್ ಇದ್ದರೆ ಅದನ್ನೂ ಕೈಚೀಲದಲ್ಲೇ ಇಟ್ಟು, ಎಕ್ಸ್‌ರೇ ಬೇಡ, ಕೈಯಲ್ಲಿ ನೋಡಿ ಅಂತ ವಿನಂತಿಸಿ. ದೊಡ್ಡ ಲಗೇಜಿನ ಸ್ಕ್ಯಾನರ್‌ಗೆ ಸಿಕ್ಕ ರೋಲಿನ ಮೇಲೆ ಮಬ್ಬು ಕವಿಯುತ್ತದೆ.

ಹಾರ್ಡ್ ಡಿಸ್ಕ್ ಬಗ್ಗೆ ನನ್ನದೇ ಎಡವಟ್ಟು ಹೇಳುತ್ತೇನೆ. ಹಳೆಯ ಕೆಲಸವನ್ನೆಲ್ಲ ಎರಡು ಡಿಸ್ಕಿಗೆ ಕಾಪಿ ಮಾಡಿದ್ದೆ. ಜಾಣತನ ಅಲ್ವಾ? ಆಮೇಲೆ ಎರಡನ್ನೂ ಒಂದೇ ಚೀಲದಲ್ಲಿಟ್ಟೆ. ಆ ಚೀಲ ಮೆಟ್ಟಿಲ ಮೇಲಿಂದ ಉರುಳಿತು. ಮೂರು ಪ್ರತಿ, ಎರಡು ಬೇರೆ ಬಗೆಯ ಜಾಗ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಕ್ಲೌಡ್‌ನಲ್ಲಿ ಎನ್ನುವ ಹಳೇ ಸೂತ್ರ ನನಗೆ ಗೊತ್ತಿತ್ತು. ಗೊತ್ತಿದ್ದರೆ ಸಾಲದು, ಮಾಡಬೇಕು. ಒಂದು ಪ್ರತಿ ಮನೆಯಲ್ಲೇ ಬಿಟ್ಟು ಹೋಗಿ. ಹೊಸ ಡಿಸ್ಕ್ ಕೊಳ್ಳುವಾಗ ಜಾಗದ ಲೆಕ್ಕ ಹೀಗೆ: ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಚಿತ್ರಿಸಿದರೆ ಒಂದು ಗಂಟೆಯ ಫುಟೇಜ್ ಸುಮಾರು 45 ಜಿಬಿ. ವೇಗ ನಾಲ್ಕು ಪಟ್ಟಾದರೆ 180 ಜಿಬಿ. ಅದರ ಮೂರು ಪ್ರತಿ ಅಂದರೆ ನೀವೇ ಗುಣಿಸಿಕೊಳ್ಳಿ.

ಮನೆ: ಕಣ್ಣಿಗಿಂತ ಕಿವಿಯಿಂದ ನೋಡಿ

ಎಲ್ಲರೂ ಕ್ಲಾಸಿಗೆ ಎಷ್ಟು ದೂರ ಅಂತ ಕೇಳುತ್ತಾರೆ. ನೀವು ಕೇಳಬೇಕಾದ್ದು, ರಾತ್ರಿ ಎರಡು ಗಂಟೆಗೆ ಸ್ಟೋರಿನಿಂದ ಮನೆಗೆ ಹೇಗೆ ಬರುತ್ತೀರಿ ಅಂತ. ಶೂಟಿಂಗ್ ಹೇಳಿದ ಹೊತ್ತಿಗೆ ಮುಗಿಯುವುದೇ ಇಲ್ಲ. ಸಾಮಾನು ಎಣಿಸಿ ಒಪ್ಪಿಸುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತದೆ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ನಡೆದು ಬರುವಷ್ಟು ದೂರದಲ್ಲಿ, ಲಿಫ್ಟ್ ಇರುವ ಅಥವಾ ನೆಲಮಹಡಿಯ ರೂಮು ಸಿಕ್ಕರೆ ಬಿಡಬೇಡಿ. ನಾಲ್ಕನೇ ಮಹಡಿಗೆ ಎರಡು ಲೈಟ್ ಪೆಟ್ಟಿಗೆ ಹೊತ್ತವರಿಗೆ ಇದರ ಬೆಲೆ ಗೊತ್ತು.

ನಾನು ನನ್ನ ಮೊದಲ ರೂಮು ನೋಡಿದ್ದು ಒಂದು ಭಾನುವಾರ ಮಧ್ಯಾಹ್ನ. ದೊಡ್ಡ ಕಿಟಕಿ, ಒಳ್ಳೆಯ ಬೆಳಕು. ಅಲ್ಲೇ ಮುಂಗಡ ಕೊಟ್ಟುಬಿಟ್ಟೆ. ಸೋಮವಾರ ಬೆಳಿಗ್ಗೆ ಕೆಳಗಿನ ಶೆಡ್ಡಿನ ಶಟರ್ ಎದ್ದಿತು. ಕಬ್ಬಿಣ ಕತ್ತರಿಸುವ ವರ್ಕ್‌ಶಾಪ್! ಭಾನುವಾರ ಒಂದು ದಿನ ರಜೆ. ಆ ವರ್ಷ ಪೂರ್ತಿ ನಾನು ಡೈಲಾಗ್ ಎಡಿಟ್ ಮಾಡಿದ್ದು ವರ್ಕ್‌ಶಾಪ್ ಬಾಗಿಲು ಹಾಕಿದ ಮೇಲೆ, ರಾತ್ರಿ.

ಆದ್ದರಿಂದ ರೂಮನ್ನು ಕೆಲಸದ ದಿನವೊಂದರಲ್ಲಿ, ಸಾಧ್ಯವಾದರೆ ಹಗಲೂ ರಾತ್ರಿಯೂ ಹೋಗಿ ನೋಡಿ. ನಡುವೆ ನಿಂತು ಒಂದು ನಿಮಿಷ ಕಣ್ಣು ಮುಚ್ಚಿ. ಏನೇನು ಕೇಳಿಸುತ್ತದೆ ಎಣಿಸಿ. ಒಮ್ಮೆ ಚಪ್ಪಾಳೆ ಹೊಡೆಯಿರಿ. ಸದ್ದು ‘ಟಣ್’ ಅಂತ ಗೋಡೆಯಿಂದ ಗೋಡೆಗೆ ಪುಟಿದರೆ ಅಲ್ಲಿ ಮಾತು ರೆಕಾರ್ಡ್ ಮಾಡುವುದು ಕಷ್ಟ. ದಪ್ಪ ಪರದೆ, ಕಂಬಳಿ, ಪುಸ್ತಕದ ಕಪಾಟು ಬಂದರೆ ಸುಧಾರಿಸುತ್ತದೆ, ನಿಜ. ಫೋನಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ ಹೆಡ್‌ಫೋನ್ ಹಾಕಿ ಕೇಳಿ. ಕಿವಿ ಒಗ್ಗಿಸಿಕೊಂಡ ಸದ್ದನ್ನು ಮೈಕ್ ಒಗ್ಗಿಸಿಕೊಳ್ಳುವುದಿಲ್ಲ.

ಇನ್ನೊಂದು. ಮೊದಲ ಸೆಮಿಸ್ಟರಿನ ಅಭ್ಯಾಸಗಳೆಲ್ಲ ಯಾರಾದರೊಬ್ಬರ ರೂಮಿನಲ್ಲೇ ನಡೆಯುವುದು. ಮನೆ ಮಾಲೀಕರಿಗೆ ಇದನ್ನು ಮೊದಲೇ ಹೇಳಿಬಿಡಿ. ಆಮೇಲೆ ಎಂಟು ಜನ ಟ್ರೈಪಾಡ್ ಹೊತ್ತು ಮೆಟ್ಟಿಲು ಹತ್ತುವಾಗ ಸಮಜಾಯಿಷಿ ಕೊಡುವುದು ಪಜೀತಿ.

ತಲುಪಿದ ಮೇಲೆ: ಊರು ಸುತ್ತಿ

ಕ್ಲಾಸು ಶುರುವಾಗುವುದಕ್ಕೆ ಎರಡು ವಾರ ಮುಂಚೆ ಹೋಗಿ. ಆಮೇಲೆ ಊರು ನೋಡಲು ಪುರುಸೊತ್ತು ಸಿಗುವುದಿಲ್ಲ. ಒಂದು ಪುಟ್ಟ ನೋಟ್‌ಬುಕ್ ಜೇಬಿನಲ್ಲಿರಲಿ. ಕಂಡ ಜಾಗಕ್ಕೆ ಒಂದೊಂದು ಪುಟ. ಬಿಸಿಲು ಯಾವ ಕಡೆಯಿಂದ, ಎಷ್ಟು ಗಂಟೆಗೆ? ಸದ್ದು? ಅನುಮತಿ ಯಾರ ಹತ್ತಿರ ಕೇಳಬೇಕು? ಪ್ಲಗ್ ಪಾಯಿಂಟ್ ಎಲ್ಲಿ? ಶೌಚಾಲಯ? ಇದನ್ನು ಬರೆಯದವರು ಶೂಟಿಂಗಿನ ದಿನ ತಂಡದವರಿಂದ ಬೈಸಿಕೊಳ್ಳುತ್ತಾರೆ.

ಸಂಜೆ ಬೆಳಕು ಎಷ್ಟು ಹೊತ್ತು ಉಳಿದಿದೆ ಅಂತ ಅಳೆಯಲು ಕೈಯೇ ಸಾಕು. ತೋಳು ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಸೂರ್ಯ ಗಂಟೆಗೆ 15 ಡಿಗ್ರಿ ಸಾಗುತ್ತಾನೆ. ಸೂರ್ಯನಿಗೂ ದಿಗಂತಕ್ಕೂ ನಡುವೆ ಒಂದು ಮುಷ್ಟಿ ಜಾಗವಿದ್ದರೆ, ಸಮಭಾಜಕ ವೃತ್ತದ ಹತ್ತಿರದ ಊರಿನಲ್ಲಿ ಇನ್ನು ಹೆಚ್ಚುಕಮ್ಮಿ 40 ನಿಮಿಷ. ಅಲ್ಲಿಂದ ದೂರ ಹೋದಂತೆ ಸೂರ್ಯ ಓರೆಯಾಗಿ ಇಳಿಯುವುದರಿಂದ ಇನ್ನೂ ಜಾಸ್ತಿ ಹೊತ್ತು. ನೇರವಾಗಿ ಸೂರ್ಯನನ್ನೇ ದಿಟ್ಟಿಸಬೇಡಿ.

ದೇಶ ಬದಲಾದರೆ ಕರೆಂಟೂ ಬದಲಾಗಬಹುದು. 50 ಹರ್ಟ್ಜ್ ಇರುವ ಕಡೆ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, 60 ಹರ್ಟ್ಜ್ ಇರುವ ಕಡೆ 120 ಸಲ. ಕಣ್ಣಿಗೆ ಕಾಣದು, ಕ್ಯಾಮೆರಾಗೆ ಕಾಣುತ್ತದೆ. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಚಿತ್ರಿಸುವಾಗ ಮೊದಲ ಕಡೆ ಶಟರ್, ಅಂದರೆ ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು, 1/50 ಸೆಕೆಂಡ್, ಎರಡನೇ ಕಡೆ 1/60 ಇಟ್ಟರೆ ಬಚಾವ್.

ಜನ

ಮೊದಲ ವಾರವೇ ಸೀನಿಯರ್‌ಗಳ ಶೂಟಿಂಗಿಗೆ ಹೆಸರು ಕೊಡಿ. ಯಾವ ಕೆಲಸ ಕೊಟ್ಟರೂ ಸರಿ. ನಿಮ್ಮ ಸ್ಕ್ರಿಪ್ಟ್ ಎಷ್ಟು ಚೆನ್ನಾಗಿದೆ ಅಂತ ಅಲ್ಲಿ ಯಾರಿಗೂ ಬೇಕಿಲ್ಲ. ಬೆಳಿಗ್ಗೆ ಐದಕ್ಕೆ ಅಂದರೆ ಐದಕ್ಕೆ ಬರುತ್ತಾನಾ, ಬರುತ್ತಾಳಾ? ಅಷ್ಟೇ. ನಾಳೆ ನಿಮ್ಮ ಚಿತ್ರಕ್ಕೆ ಬೂಮ್ (ಮೈಕ್ ಕಟ್ಟಿದ ಉದ್ದ ಕೋಲು) ಹಿಡಿಯಲು ಬರುವವರು ಇವತ್ತು ನೀವು ಯಾರಿಗೆ ಹಿಡಿದಿರೋ ಅವರೇ.

1919ರಲ್ಲಿ ಮಾಸ್ಕೋದಲ್ಲಿ ಸಿನಿಮಾ ಶಾಲೆ ಶುರುವಾದಾಗ ಫಿಲ್ಮಿಗೇ ಬರ. ಅಲ್ಲಿ ಕಲಿಸುತ್ತಿದ್ದ ಲೆವ್ ಕುಲೆಶೋವ್ ಮತ್ತು ಶಿಷ್ಯರು ಫಿಲ್ಮ್ ಇಲ್ಲದೆಯೇ ‘ಫಿಲ್ಮ್’ ಮಾಡಿದರು. ಶಾಟುಗಳನ್ನು ಒಂದಾದ ಮೇಲೊಂದು ವೇದಿಕೆ ಮೇಲೆ ನಟಿಸಿ ತೋರಿಸುತ್ತಿದ್ದರು. ಕ್ಯಾಮೆರಾ ಯಾವುದು ಅಂತ ಕೇಳುವವರಿಗೆ ನಾನು ಈಗ ಈ ಕತೆ ಹೇಳುತ್ತೇನೆ.

ಹೋಗುವ ಮುಂಚೆ ಒಂದು ವಿದ್ಯೆ ಕಲಿತು ಹೋಗಿ: ಕೇಬಲ್ ಸುತ್ತುವುದು. ಮೊಣಕೈಗೆ ಹಗ್ಗದಂತೆ ಸುತ್ತಿದರೆ ಒಳಗಿನ ತಂತಿ ಮುರುಚಿಕೊಳ್ಳುತ್ತದೆ, ಸ್ಟೋರಿನವರು ಅಲ್ಲೇ ಗದರುತ್ತಾರೆ. ಎಡಗೈಯಲ್ಲಿ ತುದಿ ಹಿಡಿಯಿರಿ. ಮೊದಲ ಸುತ್ತನ್ನು ಮಾಮೂಲಿಯಾಗಿ ಮೇಲಿಂದ ತಂದು ಕೈಗೆ ಕೊಡಿ. ಎರಡನೇ ಸುತ್ತಿಗೆ ಬಲಗೈ ಮಣಿಕಟ್ಟನ್ನು ತಿರುವಿ, ಅಂಗೈ ಹೊರಮುಖವಾಗುವಂತೆ ಕೇಬಲ್ ಹಿಡಿದು, ಸುತ್ತು ಒಳಗಿನಿಂದ ಬರುವಂತೆ ಕೊಡಿ. ಮತ್ತೆ ಮಾಮೂಲಿ, ಮತ್ತೆ ತಿರುವು. ಒಂದರ ತಿರುಚು ಇನ್ನೊಂದರಲ್ಲಿ ಬಿಚ್ಚಿಹೋಗುತ್ತದೆ. ಸರಿಯಾಗಿ ಸುತ್ತಿದ ಕೇಬಲ್‌ನ ಒಂದು ತುದಿ ಹಿಡಿದು ಎಸೆದರೆ ಗಂಟಿಲ್ಲದೆ ಉದ್ದಕ್ಕೆ ಬೀಳುತ್ತದೆ. ಮನೆಯಲ್ಲಿರುವ ಯಾವುದಾದರೂ ಉದ್ದ ವೈರಿನಲ್ಲಿ ನಾಲ್ಕು ಸಂಜೆ ಅಭ್ಯಾಸ ಮಾಡಿದರೆ ಸಾಕು.

ನಿದ್ದೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಾತ್ರಿಯಿಡೀ ಶೂಟಿಂಗ್ ಮಾಡಿ ವಾಹನ ಓಡಿಸಬೇಡಿ. ಸಿನಿಮಾ ಮಾತಾಡದ ಒಬ್ಬ ಸ್ನೇಹಿತನನ್ನೋ ಸ್ನೇಹಿತೆಯನ್ನೋ ಆ ಊರಿನಲ್ಲಿ ಸಂಪಾದಿಸಿಕೊಳ್ಳಿ.

ಸ್ವಂತ ರೂಮಿನಲ್ಲಿ ಮೊದಲ ಶೂಟಿಂಗ್

ಮೊದಲು ಫ್ಯೂಸ್ ಲೆಕ್ಕ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 1000 ವ್ಯಾಟಿನ ಎರಡು ದೀಪ 230 ವೋಲ್ಟಿನಲ್ಲಿ 9 ಆಂಪಿಯರ್ ಒಳಗೆ ಮುಗಿಯುತ್ತವೆ. 120 ವೋಲ್ಟಿನಲ್ಲಿ 16 ದಾಟುತ್ತವೆ, 15 ಆಂಪಿಯರಿನ ಬ್ರೇಕರ್ ಇದ್ದರೆ ಬೀಳಬಹುದು, ಆಮೇಲೆ ಕತ್ತಲು. ಎಲ್‌ಇಡಿ ದೀಪವಾದರೆ ಇಷ್ಟು ಚಿಂತೆ ಬೇಡ.

ಎಲ್ಲ ಟೇಕ್ ಮುಗಿದ ಮೇಲೆ ಯಾರೂ ಅಲುಗದೆ ಅರ್ಧ ನಿಮಿಷದಿಂದ ಒಂದು ನಿಮಿಷ ರೂಮಿನ ಬರಿ ಮೌನವನ್ನು ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗಿನಲ್ಲಿ ಎರಡು ಮಾತಿನ ನಡುವಿನ ಸಂದು ಮುಚ್ಚಲು ಅದೇ ಬೇಕಾಗುವುದು.

ಮೊದಲ ಟೇಕಿಗೂ ಮುಂಚೆ ಫ್ರಿಜ್ ಆಫ್ ಮಾಡಬೇಕು. ಅದರ ಗೊರಗೊರ ಸದ್ದು ಪ್ರತಿ ಡೈಲಾಗಿನ ಕೆಳಗೂ ಕೂತಿರುತ್ತದೆ. ನಾನು ಆಫ್ ಮಾಡಿದ್ದೆ. ಶೂಟಿಂಗ್ ಮುಗಿಸಿ, ಸಾಮಾನು ಒಪ್ಪಿಸಿ, ಗೆಳೆಯನ ಮನೆಯಲ್ಲಿ ಎಡಿಟಿಂಗಿಗೆ ಕೂತವನು ಮೂರು ದಿನ ಬಿಟ್ಟು ವಾಪಸ್ ಬಂದೆ. ಬಾಗಿಲು ತೆಗೆಯುವ ಮುಂಚೆಯೇ ವಾಸನೆ ಬಂತು. ಸೌಂಡ್ ಮಾಡುತ್ತಿದ್ದ ಸೀನಿಯರ್ ಬಿದ್ದು ಬಿದ್ದು ನಕ್ಕರು. ‘ಕೀಲಿ ಎಲ್ಲಿಟ್ಟಿದ್ದೆ?’ ಅಂತ ಕೇಳಿದರು. ಜೇಬಿನಲ್ಲಿ ಅಂದೆ. ‘ಫ್ರಿಜ್ ಆಫ್ ಮಾಡಿದ ಕೈಯಲ್ಲೇ ಕೀಲಿನ ಅದರೊಳಗೆ ಇಡಬೇಕು ಮಾರಾಯ. ಮನೆಯಿಂದ ಹೊರಡಬೇಕಾದ್ರೆ ಕೀಲಿ ಬೇಕೇ ಬೇಕು. ತಗೊಳ್ಳೋಕೆ ಬಾಗಿಲು ತೆಗಿತೀಯ, ಒಳಗೆ ಲೈಟ್ ಹತ್ತಲ್ಲ, ಆಗ ನೆನಪಾಗತ್ತೆ.’

ಅವತ್ತಿನಿಂದ ಹಾಗೇ ಮಾಡುತ್ತಿದ್ದೇನೆ. ಶೂಟಿಂಗಿನ ದಿನ ನನ್ನ ಕೀಲಿಗೊಂಚಲು ಮೊಸರಿನ ಡಬ್ಬದ ಪಕ್ಕದಲ್ಲಿರುತ್ತದೆ.