ಅರವಟ್ಟಿಗೆ ಮೂರನೇ ದಿನವೇ ಒಣಗದಿರಲು

ದಾರಿಹೋಕರಿಗೆ ನೀರಿನ ಅರವಟ್ಟಿಗೆ ಇಡುವುದು ಸುಲಭ, ದಿನಾ ತುಂಬುವುದು ಕಷ್ಟ. ಯುಗಾದಿ ಕಳೆದರೆ ಸಾಕು, ವೃತ್ತಕ್ಕೊಂದು ಬ್ಯಾನರ್, ಹಾರ ಹಾಕಿದ ಮಡಕೆ, ಫೋಟೊ. ಮೂರನೇ ದಿನಕ್ಕೆ ಮಡಕೆಯೊಳಗೆ ಧೂಳು. ಬ್ಯಾನರ್ ಮಾತ್ರ ಮೊದಲ ಮಳೆವರೆಗೂ ಗಟ್ಟಿಯಾಗಿರುತ್ತದೆ!

ನಾವು ಬಸ್ ನಿಲ್ದಾಣದ ಪಕ್ಕ ಇಡುವುದು ನಲ್ಲಿ ಕೂರಿಸಿದ ಎರಡು ಮಣ್ಣಿನ ಮಡಕೆ, ತಲಾ 20 ಲೀಟರಿನವು. ಒಬ್ಬರು ಕಾಲು ಲೀಟರ್ ಕುಡಿದರೂ ಒಂದು ಮಡಕೆ 80 ಜನಕ್ಕೆ ಮುಗಿಯುತ್ತದೆ. ಹಾಗಾಗಿ ಬೆಳಗ್ಗೆ 8ಕ್ಕೆ, 12ಕ್ಕೆ, ಮೂರಕ್ಕೆ ತುಂಬಬೇಕು. ಹೊಸ ಮಡಕೆಯನ್ನು ಒಂದು ದಿನ ಪೂರ್ತಿ ನೀರಲ್ಲಿ ನೆನೆಸಿ, ಮೊದಲ ಎರಡು ಸಲದ ನೀರು ಚೆಲ್ಲಿಬಿಡಿ. ಇಲ್ಲದಿದ್ದರೆ ಮಣ್ಣಿನ ವಾಸನೆ ಬರುತ್ತದೆ. ಮೈ ಬೆವರಿದರೇ ಮಡಕೆ ತಂಪು ಕೊಡುವುದು. ಅದಕ್ಕೆ ನೆರಳೂ ಬೇಕು, ಗಾಳಿಯೂ ಬೇಕು. ಮೂಲೆಗೆ ತಳ್ಳಿ ಸುತ್ತ ಫ್ಲೆಕ್ಸ್ ಕಟ್ಟಿದರೆ ಒಳಗಿನ ನೀರು ಉಗುರುಬೆಚ್ಚಗೇ ಉಳಿಯುತ್ತದೆ. ಕೆಳಗೆ ಒದ್ದೆ ಮರಳು ಹಾಸಿ. ರಾಯಚೂರು, ಕಲಬುರಗಿಯ ಒಣ ಬಿಸಿಲಲ್ಲಿ ಸಿಗುವಷ್ಟು ತಂಪು ಮಂಗಳೂರಿನ ಸೆಕೆಯಲ್ಲಿ ಸಿಗುವುದಿಲ್ಲ, ಅದು ಮಡಕೆಯ ತಪ್ಪಲ್ಲ.

ಬೋರ್‌ವೆಲ್ ನೀರು ಹಾಕಿದರೆ ಕೆಲವೇ ವಾರಗಳಲ್ಲಿ ಹೊರಮೈಗೆ ಬಿಳಿ ಉಪ್ಪು ಕಟ್ಟಿ ಮಡಕೆ ಬೆವರುವುದು ನಿಲ್ಲುತ್ತದೆ. ತೆಂಗಿನ ನಾರಿನಿಂದ ಉಜ್ಜಿ. ಸೋಪು ಮುಟ್ಟಿಸಬೇಡಿ, ಮಣ್ಣು ಅದನ್ನು ಹೀರಿಕೊಂಡು ಆಮೇಲೆ ನೀರಿಗೆ ಬಿಡುತ್ತದೆ. ನಾವು ಶುದ್ಧ ನೀರಿನ ಘಟಕದಿಂದಲೇ ಕ್ಯಾನ್ ತರುತ್ತೇವೆ. ಸರಪಳಿ ಕಟ್ಟಿದ ಒಂದೇ ಲೋಟ ಬೇಡ. 30 ಸ್ಟೀಲ್ ಲೋಟ, ತೊಳೆಯಲು ಒಂದು, ಜಾಲಿಸಲು ಒಂದು ಬಕೆಟ್ ಇರಲಿ. ಬೇಸಿಗೆ ಮುಗಿಯುವಷ್ಟರಲ್ಲಿ ಏಳೆಂಟು ಲೋಟ ಕಾಣೆಯಾಗುತ್ತವೆ, ಅದನ್ನೂ ಖರ್ಚಿಗೆ ಸೇರಿಸಿಕೊಳ್ಳಿ.

ಶನಿವಾರ ಮಜ್ಜಿಗೆ. ನೂರು ಲೋಟಕ್ಕೆ ಮೂರೂವರೆ ಲೀಟರ್ ಮೊಸರು, 12 ಲೀಟರ್ ನೀರು, ಲೀಟರಿಗೊಂದು ಸಣ್ಣ ಚಮಚ ಉಪ್ಪು. ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು ಜಜ್ಜಿ, ಚಿಟಿಕೆ ಇಂಗು. ಕಲಾಯಿಲ್ಲದ ಹಿತ್ತಾಳೆ, ಅಲ್ಯುಮಿನಿಯಂ ಪಾತ್ರೆ ಬೇಡ, ಹುಳಿಗೆ ಲೋಹದ ಅಂಶ ಬಿಡುತ್ತದೆ. ಬಿಸಿಲಲ್ಲಿ ಮೂರು ಗಂಟೆಗೇ ಹುಳಿ ಏರುವುದರಿಂದ 11ಕ್ಕೆ ಕಡೆದದ್ದು ಎರಡರೊಳಗೆ ಖಾಲಿಯಾಗಬೇಕು. ಮಾರುಕಟ್ಟೆಯ ಐಸ್ ಗಡ್ಡೆ ಒಳಗೆ ಹಾಕುವುದೇ ಬೇಡ, ಅದು ಮೀನು ಕೆಡದಂತಿಡುವ ಐಸು. ಮನೆ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗಳನ್ನು ಹೊರಗೆ ಚೆನ್ನಾಗಿ ತೊಳೆದು, ಮುಚ್ಚಳ ಬಿಗಿದು ಮಜ್ಜಿಗೆಯೊಳಗೆ ಮುಳುಗಿಸಿ.

ಇನ್ನು ಜನ ಸೇರುವ ವಿಷಯ. ನೀರು ಕುಡಿದವರು ಹೆಗಲ ಟವೆಲಿನಲ್ಲಿ ಮೀಸೆ ಒರೆಸಿಕೊಂಡು ಜೇಬಿಗೆ ಕೈ ಹಾಕಿ ‘ಎಷ್ಟಾಯ್ತಣ್ಣ?’ ಅನ್ನುತ್ತಾರೆ. ಈ ಗಳಿಗೆ ಬಿಟ್ಟರೆ ಮತ್ತೆ ಸಿಗದು. ‘ದುಡ್ಡು ಬೇಡ, ಗುರುವಾರ ಬೆಳಗ್ಗೆ ಎರಡು ಕ್ಯಾನ್ ತಂದು ಸುರೀತೀರಾ?’ ಅಂತ ಕೇಳಿ. ‘ಏನಾದರೂ ಸಹಾಯ ಮಾಡಿ’ ಅಂದರೆ ಎಲ್ಲರೂ ಹೂಂ ಅಂದು ಬಸ್ ಹತ್ತುತ್ತಾರೆ. ಕೆಲಸ ಯಾವುದು, ಎಷ್ಟು, ಯಾವ ದಿನ ಅಂತ ಹೇಳಿದರೆ ಒಪ್ಪಿದವರು ಬರುತ್ತಾರೆ. ಆಟೋದವರಿಗೆ ಕ್ಯಾನ್ ತರುವ ಕೆಲಸ, ಹೂವಿನಮ್ಮನಿಗೆ ಲೋಟ ಎಣಿಸುವುದು, ಹೋಟೆಲಿನವರಿಂದ ಅರ್ಧ ಲೀಟರ್ ಮೊಸರು. ಯಾರಿಗೂ ವಾರಕ್ಕೆ ಒಂದು ದಿನಕ್ಕಿಂತ ಹೆಚ್ಚು ಕೊಡಬೇಡಿ, ಉತ್ಸಾಹದಲ್ಲಿ ‘ದಿನಾ ನಾನೇ ಮಾಡ್ತೀನಿ’ ಅನ್ನುವವರಿಗಂತೂ ಕೊಡಲೇಬೇಡಿ. ಹದಿನೈದು ದಿನಕ್ಕೆ ಅವರು ಸುಸ್ತಾಗುತ್ತಾರೆ, ಅಷ್ಟರಲ್ಲಿ ಉಳಿದವರಿಗೆ ಅಭ್ಯಾಸ ತಪ್ಪಿರುತ್ತದೆ.

ನಗದು ಮುಟ್ಟುವುದಿಲ್ಲ. ಡಬ್ಬಿ ಇಟ್ಟ ದಿನವೇ ಲೆಕ್ಕದ ಜಗಳ ಶುರು. ಸೀಮೆಸುಣ್ಣದಲ್ಲಿ ಬರೆಯುವ ಹಲಗೆ ಮೇಲೆ ವಾರ, ಹೊತ್ತು, ತುಂಬುವವರ ಗುರುತು ಮಾತ್ರ ಇರುತ್ತದೆ: ‘ಬುಧ, 12 ಗಂಟೆ: ಸೈಕಲ್ ಶಾಪು.’ ಅಷ್ಟೇ. ದಾನಿಗಳ ಪಟ್ಟಿ ಬರೆದರೆ ಹೆಸರಿನ ಸಾಲಿನ ಮೇಲೆ ಮುನಿಸು ಹುಟ್ಟುತ್ತದೆ. ಖಾಲಿ ಬಿಟ್ಟ ಹೊತ್ತನ್ನೂ ಹಾಗೇ ಬಿಡಿ, ನಾವು ಗುಟ್ಟಾಗಿ ತುಂಬಬಾರದು. ಹಲಗೆ ಮೇಲಿನ ಖಾಲಿ ಜಾಗ ನೋಡಿಯೇ ಹೊಸಬರು ಬರುವುದು.

ಪಕ್ಕದ ಬೀದಿಯವರು ನೋಡಲು ಬಂದರೆ ಸಲಹೆ ಕೊಡುತ್ತಾ ನಿಲ್ಲಬೇಡಿ, ನೆನೆಸಿಟ್ಟ ಒಂದು ಮಡಕೆ, ಹತ್ತು ಲೋಟ ಕೈಗೆ ಕೊಟ್ಟು ಕಳಿಸಿ. ಪುಟ್ಟ ಮಕ್ಕಳಿಗೆ ಹಕ್ಕಿಗಳಿಗೆ ನೀರಿಡುವ ಮಣ್ಣಿನ ತಟ್ಟೆಯ ಕೆಲಸ ಕೊಡಿ. ಎರಡು ಇಂಚಿಗಿಂತ ಆಳ ಬೇಡ, ನಡುವೆ ಒಂದು ಕಲ್ಲಿಟ್ಟರೆ ಜೇನುನೊಣ ಮುಳುಗುವುದಿಲ್ಲ. ದಿನಾ ನೀರು ಬದಲಿಸಿ, ಎರಡು ದಿನಕ್ಕೊಮ್ಮೆ ಒಳಬದಿ ಉಜ್ಜಲು ಹೇಳಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಅಂಟಿಸುವುದು ಪಾತ್ರೆಯ ಗೋಡೆಗೆ, ನೀರು ಚೆಲ್ಲಿದರಷ್ಟೇ ಅದು ಹೋಗುವುದಿಲ್ಲ.

ಮಳೆ ಹಿಡಿದ ಮೇಲೆ ಮಡಕೆಗಳನ್ನು ತೊಳೆದು, ಪೂರ್ತಿ ಒಣಗಿಸಿ, ಬೋರಲು ಹಾಕಿಡಿ. ಬೂಷ್ಟು ಹಿಡಿದದ್ದನ್ನು ಮತ್ತೆ ಬಳಸುವುದು ಬೇಡ, ಗಿಡಕ್ಕಾಗುತ್ತದೆ. ಹಲಗೆ ಮಾತ್ರ ಹಾಗೇ ಇರಲಿ, ಅಳಿಸಬೇಡಿ.