ಪುಟ್ಟ ಮಗುವಿನೊಂದಿಗೆ ಬೆಂಗಳೂರು ನೋಡುವುದು ಹೇಗೆ

ಒಂದೂವರೆಯಿಂದ ಮೂರು ವರ್ಷದೊಳಗಿನ ಮಗುವನ್ನು ಕರೆದುಕೊಂಡು ಬೆಂಗಳೂರಿಗೆ ಹೊರಡುವವರು ಸಾಮಾನ್ಯವಾಗಿ ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಮೊದಲು ಮಾಡುತ್ತಾರೆ, ಆಮೇಲೆ ಅದರ ಸಂದಿಯಲ್ಲಿ ಮಗುವಿನ ಊಟ, ನಿದ್ದೆಗಳಿಗೆ ಜಾಗ ಹುಡುಕುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳಬೇಕು. ಮಗು ಮನೆಯಲ್ಲಿ ಎಷ್ಟು ಗಂಟೆಗೆ ಏಳುತ್ತದೆ, ಯಾವಾಗ ಉಣ್ಣುತ್ತದೆ, ಮಧ್ಯಾಹ್ನ ಎಷ್ಟು ಹೊತ್ತು ಮಲಗುತ್ತದೆ ಎಂಬುದನ್ನು ಮೊದಲು ಬರೆದಿಟ್ಟುಕೊಂಡು, ಉಳಿದ ವೇಳೆಯಲ್ಲಿ ಆಗುವಷ್ಟನ್ನು ಮಾತ್ರ ನೋಡಬೇಕು. ಹೀಗೆ ಲೆಕ್ಕ ಹಾಕಿದರೆ ಬೆಳಗಿನ ಎರಡೂವರೆ ಮೂರು ಗಂಟೆ ಮತ್ತು ಸಂಜೆಯ ಒಂದು ಗಂಟೆ ಕೈಗೆ ಸಿಗುತ್ತದೆ. ದಿನಕ್ಕೆ ಒಂದೇ ಸ್ಥಳ, ಒಂದೇ ದಿಕ್ಕು ಎಂದು ತೀರ್ಮಾನಿಸಿಕೊಂಡವರಿಗೆ ಆ ಅವಧಿ ಸಾಕಾಗುತ್ತದೆ. ಬೆಳಿಗ್ಗೆ ಲಾಲ್‌ಬಾಗ್, ಮಧ್ಯಾಹ್ನ ಮಾಲ್, ಸಂಜೆ ನೆಂಟರ ಮನೆ ಎಂದು ಹೊರಟವರಿಗೆ ಇಡೀ ದಿನವೂ ಸಾಲುವುದಿಲ್ಲ.

ಊರಿನಿಂದ ಹೊರಡುವಾಗ

ರೈಲಿನಲ್ಲಿ ಬರುವವರು ಟಿಕೆಟ್ ಕಾದಿರಿಸುವ ಮೊದಲು ರೈಲು ಬೆಂಗಳೂರಿನ ಯಾವ ನಿಲ್ದಾಣಕ್ಕೆ ಬರುತ್ತದೆ ಎಂಬುದನ್ನು ಗಮನಿಸಬೇಕು. ಮೆಜೆಸ್ಟಿಕ್ ಬಳಿಯ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೂ ಯಶವಂತಪುರಕ್ಕೂ ಪಕ್ಕದಲ್ಲೇ ಮೆಟ್ರೊ ಇದೆ. 2022ರಲ್ಲಿ ಆರಂಭವಾದ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ವಿಶಾಲವಾಗಿದ್ದರೂ ಮೆಟ್ರೊ ನಿಲ್ದಾಣ ಅದಕ್ಕೆ ಅಂಟಿಕೊಂಡಿಲ್ಲ. ನಿದ್ದೆಗಣ್ಣಿನ ಮಗು ಮತ್ತು ಸಾಮಾನಿನೊಂದಿಗೆ ಅಲ್ಲಿಂದ ನಗರದ ಇನ್ನೊಂದು ತುದಿಗೆ ಹೋಗುವುದು ಆಯಾಸದ ಕೆಲಸ. ಐದು ವರ್ಷದೊಳಗಿನ ಮಗುವಿಗೆ ರೈಲಿನಲ್ಲಿ ಟಿಕೆಟ್ ಬೇಕಿಲ್ಲ, ಆದರೆ ಪ್ರತ್ಯೇಕ ಬರ್ತ್ ಕೂಡ ಸಿಗುವುದಿಲ್ಲ. ಆದ್ದರಿಂದ ರಾತ್ರಿ ಪ್ರಯಾಣಕ್ಕೆ ಕೆಳಗಿನ ಬರ್ತ್ ಕೇಳಿ ಪಡೆದು ಮಗುವನ್ನು ಗೋಡೆಯ ಕಡೆಗೆ ಮಲಗಿಸಿಕೊಳ್ಳಬೇಕು.

ಬಸ್ಸಿನಲ್ಲಿ ಬರುವವರಿಗೆ ಒಂದು ಅನುಕೂಲವಿದ್ದು, ಅದನ್ನು ಬಳಸಿಕೊಳ್ಳುವವರು ಕಡಿಮೆ. ತುಮಕೂರು ರಸ್ತೆಯಿಂದ ಬರುವ ಬಸ್ಸುಗಳು ಮೆಟ್ರೊದ ಹಸಿರು ಮಾರ್ಗದ ನಿಲ್ದಾಣಗಳ ಪಕ್ಕದಲ್ಲೇ ಹಾದುಬರುತ್ತವೆ, ಮೈಸೂರು ಕಡೆಯ ಹಲವು ಬಸ್ಸುಗಳು ಕೆಂಗೇರಿಯ ಮೂಲಕ ಬರುತ್ತವೆ. ದಾಸರಹಳ್ಳಿ, ಗೊರಗುಂಟೆಪಾಳ್ಯ ಅಥವಾ ಕೆಂಗೇರಿಯಲ್ಲಿ ನಿಲುಗಡೆ ಇದೆಯೇ ಎಂದು ಕಂಡಕ್ಟರನ್ನು ಮೊದಲೇ ಕೇಳಿಕೊಂಡು ಅಲ್ಲಿಯೇ ಇಳಿದು ಮೆಟ್ರೊ ಹತ್ತಿದರೆ, ಮೆಜೆಸ್ಟಿಕ್ ತಲುಪುವ ಮುನ್ನ ವಾಹನಗಳ ಸಾಲಿನಲ್ಲಿ ಕಳೆಯುವ ಹೊತ್ತು ಉಳಿಯುತ್ತದೆ. ಮೆಟ್ರೊದಲ್ಲಿ ಚೀಲದ ಗಾತ್ರಕ್ಕೆ ಮಿತಿ ಇರುವುದರಿಂದ ದೊಡ್ಡ ಸೂಟ್‌ಕೇಸ್ ಒಂದರ ಬದಲು ಬೆನ್ನಿಗೆ ಹಾಕುವ ಎರಡು ಚೀಲಗಳು ಒಳ್ಳೆಯದು. ಹಾಗಿದ್ದರೆ ಒಬ್ಬರ ಎರಡೂ ಕೈಗಳು ಮಗುವಿಗಾಗಿ ಖಾಲಿ ಇರುತ್ತವೆ.

ಉಳಿದುಕೊಳ್ಳುವ ಜಾಗ

ಕೋಣೆಯ ಅಂದಚೆಂದಕ್ಕಿಂತ ಅದು ಎಲ್ಲಿದೆ ಎಂಬುದು ಮುಖ್ಯ. ಮಲ್ಲೇಶ್ವರ, ಬಸವನಗುಡಿ, ಜಯನಗರ ಈ ಮೂರೂ ಹಸಿರು ಮಾರ್ಗದ ಮೇಲಿವೆ, ಹಳೆಯ ಬಡಾವಣೆಗಳಾದ್ದರಿಂದ ಮರಗಳಿವೆ, ಹಣ್ಣಿನ ಅಂಗಡಿ, ಔಷಧಿ ಅಂಗಡಿ, ಉಪಾಹಾರ ಗೃಹಗಳು ಕಾಲ್ನಡಿಗೆಯ ದೂರದಲ್ಲಿವೆ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಕೋಣೆಗೆ ಮರಳಿ ಮಗುವನ್ನು ಮಲಗಿಸುವುದು ಸಾಧ್ಯವಾಗಬೇಕಾದರೆ ಕೋಣೆಯು ಮೆಟ್ರೊ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಗಿಂತ ದೂರವಿರಬಾರದು. ರಾತ್ರಿ ರೈಲಿನಲ್ಲಿ ಬಂದು ಬೆಳಿಗ್ಗೆ ಆರಕ್ಕೆ ಇಳಿಯುವವರು, ಕೋಣೆ ಆಗಲೇ ಸಿಗುತ್ತದೆಯೇ ಅಥವಾ ಮಧ್ಯಾಹ್ನದವರೆಗೆ ಕಾಯಬೇಕೇ ಎಂಬುದನ್ನು ಮೊದಲೇ ದೂರವಾಣಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ನೆಲಮಹಡಿ ಅಥವಾ ಒಳಬದಿಯ ಕೋಣೆ ಕೇಳಿದರೆ ರಸ್ತೆಯ ಸದ್ದು ಕಡಿಮೆ.

ನೆಂಟರ ಮನೆಯಲ್ಲಿ ಉಳಿಯುವುದಾದರೆ, ಅಪಾರ್ಟ್‌ಮೆಂಟಿನ ಬಾಲ್ಕನಿಯನ್ನು ಒಳಗೆ ಕಾಲಿಟ್ಟ ಕೂಡಲೇ ನೋಡಬೇಕು. ಕಂಬಿಗಳ ನಡುವೆ ಮಗುವಿನ ತಲೆ ತೂರುವಷ್ಟು ಜಾಗವಿದೆಯೇ, ಹತ್ತಿ ನಿಲ್ಲಬಹುದಾದ ಕುರ್ಚಿಯೋ ಹೂವಿನ ಕುಂಡವೋ ಕಂಬಿಯ ಪಕ್ಕದಲ್ಲಿದೆಯೇ ಎಂದು ಪರೀಕ್ಷಿಸಿ, ಅವನ್ನು ಸರಿಸಿಡಲು ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ. ಇನ್ನು ಉಳಿದ ಬಂಧುಬಳಗದವರನ್ನು ನೋಡಲು ಮನೆಯಿಂದ ಮನೆಗೆ ಅಲೆಯುವ ಬದಲು, ಅವರನ್ನೇ ಒಂದು ಬೆಳಿಗ್ಗೆ ಲಾಲ್‌ಬಾಗಿಗೋ ಕಬ್ಬನ್ ಪಾರ್ಕಿಗೋ ಬರಹೇಳಿದರೆ ಮಗುವಿಗೂ ಓಡಾಡಲು ಜಾಗವಿರುತ್ತದೆ, ದೊಡ್ಡವರಿಗೂ ನೆಮ್ಮದಿಯಾಗಿ ಮಾತನಾಡಲು ಸಾಧ್ಯವಾಗುತ್ತದೆ.

ನಗರದೊಳಗೆ ಓಡಾಟ

ಮಗುವಿನೊಂದಿಗೆ ಬೆಂಗಳೂರಿನಲ್ಲಿ ಓಡಾಡಲು ನಮ್ಮ ಮೆಟ್ರೊಗಿಂತ ಉತ್ತಮವಾದದ್ದು ಇಲ್ಲ, ಏಕೆಂದರೆ ಎಷ್ಟು ಹೊತ್ತಿಗೆ ತಲುಪುತ್ತೇವೆ ಎಂಬುದು ಹೊರಡುವಾಗಲೇ ಗೊತ್ತಿರುತ್ತದೆ. ಮೂರು ಅಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೆಟ್ ಇಲ್ಲ. ಟಿಕೆಟ್ ತೋರಿಸುವ ಗೇಟಿನ ರೆಕ್ಕೆಗಳು ಬೇಗ ಮುಚ್ಚಿಕೊಳ್ಳುವುದರಿಂದ ಮಗುವನ್ನು ಎತ್ತಿಕೊಂಡೇ ದಾಟಬೇಕು. ಎಸ್ಕಲೇಟರಿನಲ್ಲಿ ರಬ್ಬರಿನ ಮೆತ್ತನೆಯ ಚಪ್ಪಲಿ, ಸೀರೆಯ ಸೆರಗು, ದುಪ್ಪಟ್ಟ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಲಿಫ್ಟನ್ನೇ ಬಳಸಬೇಕು. ನಿಲ್ದಾಣ ಮತ್ತು ರೈಲಿನೊಳಗೆ ತಿನ್ನಲು, ಕುಡಿಯಲು ಅನುಮತಿ ಇಲ್ಲ ಎಂಬುದನ್ನು ನೆನಪಿಟ್ಟುಕೊಂಡು ಮಗುವಿಗೆ ಒಳಹೋಗುವ ಮುನ್ನವೇ ಏನಾದರೂ ತಿನ್ನಿಸಿರಬೇಕು. ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆ, ಸಂಜೆ ಐದೂವರೆಯಿಂದ ಎಂಟರವರೆಗೆ ಬೋಗಿಗಳು ಕಿಕ್ಕಿರಿದಿರುತ್ತವೆ, ಅದರಲ್ಲೂ ನೇರಳೆ ಮತ್ತು ಹಸಿರು ಮಾರ್ಗಗಳು ಕೂಡುವ ಮೆಜೆಸ್ಟಿಕ್ ನಿಲ್ದಾಣದಲ್ಲಿ ಮಗುವನ್ನು ನೆಲಕ್ಕೆ ಬಿಡುವಂತೆಯೇ ಇರುವುದಿಲ್ಲ. ಆ ವೇಳೆಯಲ್ಲಿ ಮಾರ್ಗ ಬದಲಿಸಬೇಕಾದ ಪ್ರಯಾಣವನ್ನು ಇಟ್ಟುಕೊಳ್ಳಬಾರದು.

ಮಗುವಿನ ತಳ್ಳುಗಾಡಿಯನ್ನು ಊರಿನಲ್ಲೇ ಬಿಟ್ಟು ಬನ್ನಿ ಎಂಬುದು ನನ್ನ ಸ್ಪಷ್ಟ ಸಲಹೆ. ಉದ್ಯಾನಗಳ ಒಳಗೆ ಅದು ಸಲೀಸಾಗಿ ಉರುಳುತ್ತದೆ, ಆದರೆ ಅಲ್ಲಿಗೆ ತಲುಪುವ ದಾರಿಯಲ್ಲಿ ಫುಟ್‌ಪಾತಿನ ಎತ್ತರದ ಅಂಚು, ಎದ್ದ ಚಪ್ಪಡಿ, ನಡುವೆ ನಿಂತ ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಸ್ಕೂಟರ್ ಒಂದಲ್ಲ ಒಂದು ಅಡ್ಡಬರುತ್ತದೆ. ಎದೆಗೆ ಅಥವಾ ಸೊಂಟಕ್ಕೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ಬೆಂಗಳೂರಿಗೆ ಸರಿಯಾದದ್ದು. ಆಟೊದಲ್ಲಿ ಮಗುವನ್ನು ಇಬ್ಬರು ದೊಡ್ಡವರ ನಡುವೆ ಕೂರಿಸಿಕೊಳ್ಳಬೇಕು, ಬದಿಯಲ್ಲಿ ಎಂದಿಗೂ ಕೂರಿಸಬಾರದು. ಬಾಡಿಗೆ ಕಾರುಗಳಲ್ಲಿ ಮಕ್ಕಳ ಸೀಟು ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ದೂರದ ಪ್ರಯಾಣವಿದ್ದರೆ ಅದನ್ನು ಮೊದಲೇ ಕೇಳಿ ವ್ಯವಸ್ಥೆ ಮಾಡಿಕೊಳ್ಳಬೇಕು, ಹಾಗೂ ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲೇಬಾರದು. ಬಂಧುಗಳು ಪ್ರೀತಿಯಿಂದ ಬೈಕಿನಲ್ಲಿ ಒಂದು ಸುತ್ತು ಕರೆದೊಯ್ಯುತ್ತೇವೆ ಎಂದರೂ ಒಪ್ಪಿಕೊಳ್ಳಬೇಡಿ. ನಾಲ್ಕು ವರ್ಷದೊಳಗಿನ ಮಗುವಿಗೆ ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ ಮತ್ತು ಸವಾರನಿಗೆ ಬಿಗಿಯುವ ಸುರಕ್ಷತಾ ಪಟ್ಟಿ ಕಡ್ಡಾಯವೆಂಬ ನಿಯಮ 2023ರಿಂದ ಜಾರಿಯಲ್ಲಿದೆ.

ಏನು ನೋಡಬೇಕು, ಏನು ಬಿಡಬೇಕು

ಮೊದಲ ದಿನಕ್ಕೆ ಲಾಲ್‌ಬಾಗ್. ಹಸಿರು ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣದಲ್ಲಿ ಇಳಿದರೆ ಪಶ್ಚಿಮ ದ್ವಾರ ಹತ್ತಿರ. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟ ಇಂದು ಸುಮಾರು 240 ಎಕರೆ ಇದೆ, ಹೀಗಾಗಿ ಪೂರ್ತಿ ಸುತ್ತಿಸುವ ಪ್ರಯತ್ನ ಬೇಡ. ಬೆಳಿಗ್ಗೆ ಏಳೂವರೆಗೆ ಒಳಹೊಕ್ಕು ಮಗುವನ್ನು ಕೆಳಗಿಳಿಸಿ, ಅದು ಹೋದ ಕಡೆ ಹಿಂದೆ ಹೋದರೆ ಸಾಕು. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯನ್ನು ದೊಡ್ಡವರು ತಲೆಯೆತ್ತಿ ನೋಡುವಾಗ ಎರಡು ವರ್ಷದ ಮಗು ನೆಲದ ಮೇಲಿನ ಇರುವೆ ಸಾಲನ್ನೋ ಅಳಿಲನ್ನೋ ನೋಡುತ್ತಿರುತ್ತದೆ, ಅದನ್ನು ಅಲ್ಲಿಂದ ಎಬ್ಬಿಸಿ ಮುಂದಕ್ಕೆ ಎಳೆಯಬೇಕಾದ ಅಗತ್ಯವಿಲ್ಲ. ಕೆಂಪೇಗೌಡ ಗೋಪುರವಿರುವ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು, ಅದರ ಇಳಿಜಾರು ಮಗುವಿಗೆ ಹತ್ತಿಳಿಯಲು ಬಹಳ ಇಷ್ಟವಾಗುತ್ತದೆ. ಆದರೆ ಹತ್ತು ಗಂಟೆಯ ನಂತರ ಬಂಡೆ ಕಾಯತೊಡಗುತ್ತದೆ, ಮಳೆ ಬಂದ ಮೇಲೆ ಜಾರುತ್ತದೆ. ಕೆರೆಯ ಅಂಚಿನಲ್ಲಿ ಮಗುವಿನ ಕೈ ಬಿಡಬಾರದು. ಸ್ವಾತಂತ್ರ್ಯೋತ್ಸವ ಮತ್ತು ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಜನಸಂದಣಿಯ ನಡುವೆ ಮಗುವಿನ ಎತ್ತರಕ್ಕೆ ಕಾಣುವುದು ಕಾಲುಗಳು ಮಾತ್ರ. ಆಗ ಹೋಗಲೇಬೇಕೆಂದಿದ್ದರೆ ವಾರದ ನಡುವಿನ ದಿನ, ಬಾಗಿಲು ತೆರೆದ ಮೊದಲ ಗಂಟೆಯನ್ನು ಆರಿಸಿಕೊಳ್ಳಬೇಕು. ಇದೇ ಕಾರಣಕ್ಕೆ ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ಮಗು ದೊಡ್ಡದಾಗುವವರೆಗೆ ಮುಂದೂಡುವುದು ಲೇಸು.

ಎರಡನೆಯ ದಿನಕ್ಕೆ ಕಬ್ಬನ್ ಪಾರ್ಕ್. ನೇರಳೆ ಮಾರ್ಗದಲ್ಲಿ ಇದಕ್ಕೂ ಅದೇ ಹೆಸರಿನ ನಿಲ್ದಾಣವಿದೆ. ಭಾನುವಾರ ಉದ್ಯಾನದೊಳಗಿನ ರಸ್ತೆಗಳಲ್ಲಿ ವಾಹನ ಸಂಚಾರವಿಲ್ಲದಿರುವುದರಿಂದ ಓಡುವ ಮಗುವಿನ ಬಗ್ಗೆ ಆತಂಕ ಕಡಿಮೆ, ಜನ ಮಾತ್ರ ಹೆಚ್ಚು. ಬಾಲಭವನದ ಪುಟಾಣಿ ರೈಲು ಆ ದಿನ ಓಡುತ್ತಿದೆಯೇ ಎಂದು ಕೌಂಟರಿನಲ್ಲಿ ವಿಚಾರಿಸಿಕೊಂಡ ಮೇಲೆಯೇ ಮಗುವಿಗೆ ರೈಲಿನ ಆಸೆ ತೋರಿಸಬೇಕು. ಪಕ್ಕದ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ತಿರುಗುವ ಯಂತ್ರಗಳನ್ನು ಈ ವಯಸ್ಸಿನವರೂ ಕಣ್ಣರಳಿಸಿ ನೋಡುತ್ತಾರೆ, ಅಲ್ಲಿನ ಗರ್ಜಿಸುವ ಡೈನೋಸಾರ್ ಕಂಡು ಕೆಲವರು ಹೆದರುವುದೂ ಉಂಟು. ಅಲ್ಲಿಂದ ಮರಳುವಾಗ, ಕೋಣೆಗೆ ಹೋಗುವ ದಿಕ್ಕು ಅದಲ್ಲದಿದ್ದರೂ, ಕಬ್ಬನ್ ಪಾರ್ಕಿನಿಂದ ಎಂ.ಜಿ. ರಸ್ತೆಯವರೆಗೆ ಒಂದು ನಿಲ್ದಾಣ ಮೆಟ್ರೊದಲ್ಲಿ ಹೋಗಬೇಕು. ನೆಲದಡಿಯ ಕತ್ತಲಿನಿಂದ ರೈಲು ಮೇಲಕ್ಕೆ ಏರಿ ಹಠಾತ್ತನೆ ಬಿಸಿಲಿಗೆ ಬರುವ ಆ ಕ್ಷಣದಲ್ಲಿ ಕಿಟಕಿಗೆ ಮೂಗು ಒತ್ತಿಕೊಂಡಿರುವ ಮಗುವಿನ ಮುಖವನ್ನು ನೋಡಿದವರಿಗೆ, ಇದಕ್ಕಿಂತ ದುಬಾರಿಯಾದ ಮನರಂಜನೆ ಬೇಕೆನಿಸುವುದಿಲ್ಲ.

ಬನ್ನೇರುಘಟ್ಟ ಜೈವಿಕ ಉದ್ಯಾನ ನಗರದ ಕೇಂದ್ರದಿಂದ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ, ಮಂಗಳವಾರ ರಜೆ. ಹೋಗಿಬರುವ ದಾರಿ, ಟಿಕೆಟಿನ ಸರದಿ, ಸಫಾರಿ ವಾಹನದ ಕಾಯುವಿಕೆ ಸೇರಿದರೆ ಮಧ್ಯಾಹ್ನದ ನಿದ್ದೆ ಖಂಡಿತ ತಪ್ಪುತ್ತದೆ, ಆದ್ದರಿಂದ ಮೂರು ವರ್ಷ ತುಂಬುವವರೆಗೆ ಅದನ್ನು ಬಿಡುವುದೇ ಸರಿ ಎಂದು ನನಗೆ ತೋರುತ್ತದೆ. ತಾರಾಲಯದ ಪ್ರದರ್ಶನ ಕತ್ತಲೆಯಲ್ಲಿ ನಡೆಯುತ್ತದೆ, ಅದೂ ಈ ವಯಸ್ಸಿಗಲ್ಲ.

ಊಟ, ತಿಂಡಿ

ಬೆಂಗಳೂರಿನ ದರ್ಶಿನಿಗಳಲ್ಲಿ ಮೆತ್ತನೆಯ ಬಿಸಿ ಇಡ್ಲಿ ಬೆಳಗಿನ ಹೊತ್ತು ಬೇಗ ಸಿಗುತ್ತದೆ, ಮಗುವಿಗೆ ಅದಕ್ಕಿಂತ ಒಳ್ಳೆಯ ತಿಂಡಿ ಇಲ್ಲ. ಆದರೆ ಅಲ್ಲಿ ನಿಂತುಕೊಂಡು ತಿನ್ನಬೇಕು. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಾಗ ಎತ್ತರದ ಮೇಜಿನ ಅಂಚಿನಲ್ಲಿರುವ ಕಾಫಿಯ ಲೋಟ ಸರಿಯಾಗಿ ಅದರ ಕೈಗೆ ಎಟುಕುವ ಮಟ್ಟದಲ್ಲಿರುತ್ತದೆ, ಹೊಗೆಯಾಡುವ ಸಾಂಬಾರಿನ ಬಟ್ಟಲೂ ಅಲ್ಲೇ ಇರುತ್ತದೆ. ಹೀಗಾಗಿ ಕುಳಿತು ತಿನ್ನುವ ವ್ಯವಸ್ಥೆ ಇರುವ ಹೋಟೆಲನ್ನೇ ಆರಿಸಿ, ಗೋಡೆ ಬದಿಯ ಮೇಜು ಕೇಳಿ, ಕಾಫಿಯನ್ನು ಮಗುವಿನ ಊಟ ಮುಗಿದ ಮೇಲೆ ತರಿಸಿಕೊಳ್ಳಬೇಕು. ಇಡ್ಲಿ ತರುವಾಗಲೇ ಚಟ್ನಿ, ಸಾಂಬಾರನ್ನು ಬೇರೆ ಬಟ್ಟಲಲ್ಲಿ ಕೊಡಿ ಎಂದು ಹೇಳಿದರೆ ಖಾರ ತಾಗದ ಇಡ್ಲಿಗೆ ತುಪ್ಪ ಹಚ್ಚಿ ಕೊಡಬಹುದು. ಹೆಸರಾಂತ ಹೋಟೆಲುಗಳಿಗೆ ಹೋಗುವ ಆಸೆಯಿದ್ದರೆ ಶನಿವಾರ, ಭಾನುವಾರ ಬೇಡ, ಗಂಟೆಗಟ್ಟಲೆ ಸರದಿಯಲ್ಲಿ ನಿಲ್ಲುವ ತಾಳ್ಮೆ ಮಗುವಿಗೆ ಇರುವುದಿಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ.

ಮಧ್ಯಾಹ್ನಕ್ಕೆ ಮೊಸರನ್ನ ಸುರಕ್ಷಿತ ಎಂದು ತಿಳಿದು ಕಣ್ಣುಮುಚ್ಚಿ ಕೊಡಬಾರದು. ಹೋಟೆಲಿನ ಮೊಸರನ್ನದಲ್ಲಿ ಇಡಿಯ ದ್ರಾಕ್ಷಿ, ಗೋಡಂಬಿ, ಒಗ್ಗರಣೆಯ ಮೆಣಸಿನಕಾಯಿ ಇರುತ್ತವೆ. ಇಡಿಯ ದ್ರಾಕ್ಷಿ, ಕಡಲೆಕಾಯಿ ಬೀಜ, ಪಾಪ್‌ಕಾರ್ನ್ ಇವು ಈ ವಯಸ್ಸಿನ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟಿಸಬಲ್ಲವು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ ಕೊಡಬೇಕು, ಬೀಜಗಳನ್ನು ಕೊಡಲೇಬಾರದು, ನಡೆಯುತ್ತಾ ಓಡುತ್ತಾ ಏನನ್ನೂ ತಿನ್ನಿಸಬಾರದು. ಮನೆಯಿಂದ ರಾಗಿ ಸರಿ ಹಿಟ್ಟು, ತೆಳು ಅವಲಕ್ಕಿ ಮತ್ತು ಒಂದು ಚಿಕ್ಕ ವಿದ್ಯುತ್ ಕೆಟಲ್ ತಂದರೆ ಕೋಣೆಯಲ್ಲಿಯೇ ಒಂದು ಹೊತ್ತಿನ ಊಟ ಮುಗಿಯುತ್ತದೆ. ಹಾಲಿಗೆ ಫ್ರಿಜ್ ಇಲ್ಲದಿದ್ದರೆ ನಂದಿನಿಯ ಗುಡ್‌ಲೈಫ್ ಪೊಟ್ಟಣ ತೆರೆಯುವವರೆಗೆ ಕೆಡುವುದಿಲ್ಲ. ಏಲಕ್ಕಿ ಬಾಳೆಹಣ್ಣು ಯಾವ ಹಾಪ್‌ಕಾಮ್ಸ್ ಮಳಿಗೆಯಲ್ಲಾದರೂ ಸಿಗುತ್ತದೆ.

ಆರೋಗ್ಯ ಮತ್ತು ಎಚ್ಚರ

ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಹಗಲು ಬಿಸಿಲಿದ್ದರೂ ಸಂಜೆ ಗಾಳಿ ತಣ್ಣಗಾಗುತ್ತದೆ. ಕರಾವಳಿಯಿಂದ, ಕಲಬುರಗಿ ರಾಯಚೂರು ಕಡೆಯಿಂದ ಬರುವ ಮಕ್ಕಳಿಗೆ ಇದು ಬೇಗ ತಾಗುವುದರಿಂದ ತೆಳುವಾದ ಸ್ವೆಟರ್, ಟೊಪ್ಪಿ ಚೀಲದಲ್ಲಿರಬೇಕು. ಏಪ್ರಿಲ್, ಮೇ ತಿಂಗಳ ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರ ಗುಡುಗಿನೊಂದಿಗೆ ಸುರಿಯುತ್ತದೆ, ಬೆಳಗಿನ ಸುತ್ತಾಟವನ್ನೇ ನೆಚ್ಚಿಕೊಳ್ಳಲು ಅದೂ ಒಂದು ಕಾರಣ. ಮಗುವಿನ ವೈದ್ಯರು ಬರೆದುಕೊಟ್ಟ ಜ್ವರದ ಔಷಧಿ, ಪ್ರಮಾಣದ ಚೀಟಿ, ಓಆರ್‌ಎಸ್ ಪೊಟ್ಟಣ ಮತ್ತು ಲಸಿಕೆಯ ಕಾರ್ಡಿನ ಫೋಟೊ ಜೊತೆಗಿರಲಿ. ಸರ್ಕಾರಿ ವ್ಯವಸ್ಥೆಯಲ್ಲಿ ಮಕ್ಕಳಿಗೆಂದೇ ಇರುವ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಸಮೀಪದಲ್ಲಿದೆ. ಆಂಬುಲೆನ್ಸಿಗೆ 108, ಯಾವುದೇ ತುರ್ತಿಗೆ 112, ಮಕ್ಕಳ ಸಹಾಯವಾಣಿಗೆ 1098.

ಪ್ರತಿದಿನ ಕೋಣೆಯಿಂದ ಹೊರಡುವ ಮುನ್ನ ಅಂದಿನ ಬಟ್ಟೆಯಲ್ಲೇ ಮಗುವಿನ ಒಂದು ಫೋಟೊ ತೆಗೆದಿಟ್ಟುಕೊಳ್ಳಬೇಕು, ಗುಂಪಿನಲ್ಲಿ ತಪ್ಪಿಸಿಕೊಂಡರೆ ಗುರುತು ಹೇಳಲು ಅದು ನೆರವಾಗುತ್ತದೆ. ಮೊಬೈಲ್ ಸಂಖ್ಯೆಯನ್ನು ಅಂಗಿಯ ಒಳಬದಿಗೆ ಬಟ್ಟೆಯ ಪಟ್ಟಿಯಲ್ಲಿ ಬರೆದು ಹೊಲಿಯಬಹುದು. ಹೆಸರನ್ನು ಮಾತ್ರ ಹೊರಗೆ ಕಾಣುವಂತೆ ಬರೆಯಬಾರದು, ಹೆಸರು ಹಿಡಿದು ಕರೆದವರ ಬಳಿ ಮಗು ಸುಲಭವಾಗಿ ಹೋಗಿಬಿಡುತ್ತದೆ. ಚಿನ್ನದ ಸರ, ಬಳೆಗಳನ್ನು ಊರಿನಲ್ಲೇ ತೆಗೆದಿಡಬೇಕು. ಇಬ್ಬರು ಮೂವರು ದೊಡ್ಡವರಿದ್ದಾಗ ಪ್ರತಿಯೊಬ್ಬರೂ ಮಗು ಇನ್ನೊಬ್ಬರ ಬಳಿ ಇದೆ ಎಂದುಕೊಳ್ಳುವುದು ಸಾಮಾನ್ಯ, ಹೀಗಾಗಿ ಈಗ ಮಗು ಯಾರ ಹೊಣೆ ಎಂಬುದನ್ನು ಬಾಯಿಬಿಟ್ಟು ಹೇಳಿ ಒಬ್ಬರಿಂದ ಒಬ್ಬರಿಗೆ ಒಪ್ಪಿಸುವ ಅಭ್ಯಾಸ ಬೇಕು.

ಊರಿಗೆ ಮರಳುವ ದಿನ ಯಾವ ಸುತ್ತಾಟವನ್ನೂ ಇಟ್ಟುಕೊಳ್ಳದೆ, ಸಂಜೆಯ ಜನದಟ್ಟಣೆ ಶುರುವಾಗುವ ಮುನ್ನವೇ ಸಾಮಾನಿನೊಂದಿಗೆ ನಿಲ್ದಾಣ ಸೇರಬೇಕು. ಮಗುವಿನ ರಾತ್ರಿಯ ಊಟವನ್ನು ಅಲ್ಲಿಯೇ ಕುಳಿತು ಮುಗಿಸಿ, ಬಟ್ಟೆ ಬದಲಿಸಿ, ಡೈಪರ್ ಹಾಕಿ ಸಿದ್ಧಮಾಡಿದ್ದರೆ ರೈಲೋ ಬಸ್ಸೋ ಹೊರಟ ಕೂಡಲೇ ಅದನ್ನು ಮಲಗಿಸಬಹುದು.