ಕ್ರಿಯಾಪದವನ್ನು ಬಾಲದ ಸಮೇತ ಕಲಿತೆ

ಇಂಗ್ಲಿಷ್ ಪದಗಳಿಗೆ ನನ್ನಲ್ಲಿ ಬರ ಇರಲಿಲ್ಲ. ನಿಮ್ಮ ಕೆಲಸ ಏನು, ಬಿಡುವಾದಾಗ ಏನು ಮಾಡ್ತೀರಿ ಅಂತ ಯಾರಾದರೂ ಕೇಳಿದರೆ ಬೇಕಾದ ಪದಗಳು ಗೊತ್ತಿದ್ದವು. ನಾಲಿಗೆ ತಡವರಿಸುತ್ತಿದ್ದದ್ದು ಕ್ರಿಯಾಪದ ಹೇಳಿದ ಮೇಲೆ. ‘ಎಂಜಾಯ್’ ಅಂದಾಯಿತು, ಮುಂದೆ ‘ಟು ರೀಡ್’ ಅನ್ನಬೇಕೋ ‘ರೀಡಿಂಗ್’ ಅನ್ನಬೇಕೋ? ‘ಡಿಸೈಡ್’ ಅಂದಾಯಿತು, ಮುಂದೇನು? ಅಲ್ಲಿ ಒಂದು ಸಲ ನಿಂತರೆ ಮಾತಿನ ಓಟವೇ ಹೋಗಿಬಿಡುತ್ತದೆ.

ವ್ಯಾಕರಣ ಪುಸ್ತಕಗಳಲ್ಲಿ ಇದಕ್ಕೆ ಪಟ್ಟಿ ಇರುತ್ತದೆ. ವಾಂಟ್, ಹೋಪ್, ಪ್ಲ್ಯಾನ್, ಡಿಸೈಡ್, ಅಗ್ರೀ, ರೆಫ್ಯೂಸ್, ಪ್ರಾಮಿಸ್, ಮ್ಯಾನೇಜ್ ಇವುಗಳ ಮುಂದೆ ‘ಟು’. ಎಂಜಾಯ್, ಫಿನಿಶ್, ಅವಾಯ್ಡ್, ಮೈಂಡ್, ಸಜೆಸ್ಟ್, ಕನ್ಸಿಡರ್, ಗಿವ್ ಅಪ್ ಇವುಗಳ ಮುಂದೆ ‘ಇಂಗ್’. ಉರು ಹೊಡೆದರೆ ಪರೀಕ್ಷೆಗೆ ಸಾಕು. ಮಾತಾಡುವಾಗ ಮನಸ್ಸಿನಲ್ಲಿ ಪಟ್ಟಿ ತಿರುವಿ ಹಾಕುತ್ತಾ ಕೂರೋಕೆ ಆಗುತ್ತಾ?

ಹಾಗಾಗಿ ಕ್ರಿಯಾಪದವನ್ನು ಒಂಟಿಯಾಗಿ ಕಲಿಯುವುದನ್ನೇ ಬಿಟ್ಟೆ. ಅದಾದ ಮೇಲೆ ಬರುವ ತುಂಡನ್ನು ಅದರ ಬಾಲ ಅಂದುಕೊಂಡೆ. ಪ್ರಾಣಿಯನ್ನು ಬಾಲ ಬಿಟ್ಟು ಯಾರೂ ಚಿತ್ರ ಬರೆಯುವುದಿಲ್ಲ. ‘ಅವಾಯ್ಡ್ ಅಂದರೆ ತಪ್ಪಿಸು’ ಎಂದು ನೋಟ್‌ಬುಕ್‌ನಲ್ಲಿ ಬರೆಯುವ ಬದಲು ‘ಐ ಅವಾಯ್ಡ್ ಚೆಕಿಂಗ್ ಮೈ ಮೇಲ್ ಅಟ್ ನೈಟ್’ ಎಂದು ಬರೆದೆ. ವಾಕ್ಯ ನನ್ನ ಬದುಕಿನದೇ ಆಗಿರಬೇಕು, ನಿಜವಾಗಿರಬೇಕು. ರಾತ್ರಿ ಮೇಲ್ ನೋಡುವವರು ಇದನ್ನು ಬರೆಯಬಾರದು. ಸುಳ್ಳು ವಾಕ್ಯ ಬಾಯಿಗೆ ಬರುವುದಿಲ್ಲ, ಯಾಕೆಂದರೆ ಅದನ್ನು ಹೇಳುವ ಸಂದರ್ಭವೇ ಬರುವುದಿಲ್ಲ.

ಇನ್ನೊಂದು ಕಟ್ಟುಪಾಡು ಹಾಕಿಕೊಂಡೆ. ಒಂದು ಕ್ರಿಯಾಪದಕ್ಕೆ ಎರಡು ವಾಕ್ಯ. ಒಂದು ಕೆಲಸದ್ದು, ಇನ್ನೊಂದು ಬಿಡುವಿನದು. ‘ಮ್ಯಾನೇಜ್’ ಬಂದರೆ, ‘ವಿ ಮ್ಯಾನೇಜ್ಡ್ ಟು ಮೀಟ್ ದ ಡೆಡ್‌ಲೈನ್’ ಕೆಲಸಕ್ಕೆ, ‘ಐ ರೇರ್ಲಿ ಮ್ಯಾನೇಜ್ ಟು ಫಿನಿಶ್ ಎ ನಾವೆಲ್’ ಬಿಡುವಿಗೆ. ‘ಮಿಸ್’ ಬಂದರೆ, ಹಳೇ ಟೀಮಿನ ಜೊತೆ ಕೆಲಸ ಮಾಡುತ್ತಿದ್ದದ್ದು ನೆನಪಾಗಿ ‘ಐ ಮಿಸ್ ವರ್ಕಿಂಗ್ ವಿತ್ ದೆಮ್’, ಆಟ ಬಿಟ್ಟುಹೋಗಿದ್ದಕ್ಕೆ ‘ಐ ಮಿಸ್ ಪ್ಲೇಯಿಂಗ್ ಬ್ಯಾಡ್ಮಿಂಟನ್’. ಹೊಸ ಪರಿಚಯದವರು ಮೊದಲು ಕೇಳುವುದೇ ಈ ಎರಡು ವಿಷಯ. ಹೀಗಾಗಿ ಕಲಿತ ವಾಕ್ಯ ಬೇಗ ಬಳಕೆಗೆ ಬರುತ್ತದೆ.

ಹೀಗೆ ಜೋಡಿ ಬರೆಯುತ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕೆಲಸದ ಮಾತಿನಲ್ಲಿ ‘ಟು’ ಜಾಸ್ತಿ. ಪ್ಲ್ಯಾನ್ ಮಾಡುವುದು, ಒಪ್ಪುವುದು, ಮಾತು ಕೊಡುವುದು, ಆಗಲ್ಲ ಅನ್ನುವುದು ಎಲ್ಲವೂ ಮುಂದೆ ಆಗಬೇಕಾದ ಕೆಲಸದ ಬಗ್ಗೆ. ಬಿಡುವಿನ ಮಾತಿನಲ್ಲಿ ‘ಇಂಗ್’ ಜಾಸ್ತಿ. ಇಷ್ಟಪಡುವುದು, ರೂಢಿ ಮಾಡಿಕೊಳ್ಳುವುದು, ಬಿಟ್ಟುಬಿಡುವುದು ಎಲ್ಲ ಈಗಾಗಲೇ ಮಾಡುತ್ತಿರುವ ಅಥವಾ ಮಾಡಿದ್ದರ ಬಗ್ಗೆ. ‘ಟು’ ಮುಂದಕ್ಕೆ ನೋಡುತ್ತದೆ, ‘ಇಂಗ್’ ಇದ್ದದ್ದನ್ನು ಹಿಡಿದುಕೊಳ್ಳುತ್ತದೆ. ಇದು ಪೂರ್ತಿ ನಿಯಮ ಅಲ್ಲ. ‘ಸಜೆಸ್ಟ್’, ‘ಕನ್ಸಿಡರ್’ ಎರಡೂ ಮುಂದಿನ ಮಾತೇ ಆಡುತ್ತವೆ, ಆದರೂ ‘ಇಂಗ್’ ಕೇಳುತ್ತವೆ. ಅಂಥವನ್ನು ಸುಮ್ನೆ ಒಪ್ಪಿಕೊಂಡು ಮುಂದೆ ಹೋಗಬೇಕು, ವಾದಕ್ಕೆ ನಿಂತು ಪ್ರಯೋಜನ ಇಲ್ಲ.

ನನಗೆ ತುಂಬಾ ಖುಷಿ ಕೊಟ್ಟದ್ದು ಎರಡೂ ಬಾಲ ಇರುವ ಕ್ರಿಯಾಪದಗಳು. ‘ಸ್ಟಾಪ್’, ‘ರಿಮೆಂಬರ್’, ‘ಟ್ರೈ’ ಇಂಥವು. ಬಾಲ ಬದಲಾದರೆ ಅರ್ಥವೂ ಬದಲು. ಇವು ಕಷ್ಟ ಅಂತ ಎಲ್ಲರೂ ಹೆದರಿಸುತ್ತಾರೆ. ಕನ್ನಡ ಆಡುವವರಿಗೆ ಇವೇ ಸುಲಭ ಅಂತ ನನ್ನ ಅನಿಸಿಕೆ, ಯಾಕೆಂದರೆ ಈ ವ್ಯತ್ಯಾಸವನ್ನು ನಾವು ದಿನವೂ ಮಾಡುತ್ತೇವೆ. ‘ಮಾತಾಡೋದು ನಿಲ್ಲಿಸಿದೆ’ ಬೇರೆ, ‘ಮಾತಾಡೋಕೆ ನಿಂತೆ’ ಬೇರೆ. ಮೊದಲನೆಯದು ‘ಸ್ಟಾಪ್ಡ್ ಟಾಕಿಂಗ್’, ಎರಡನೆಯದು ‘ಸ್ಟಾಪ್ಡ್ ಟು ಟಾಕ್’. ‘ಮೇಲ್ ಕಳಿಸಿದ್ದು ನೆನಪಿದೆ’ ಅಂದರೆ ‘ಐ ರಿಮೆಂಬರ್ ಸೆಂಡಿಂಗ್ ದ ಮೇಲ್’. ‘ಮರೆಯದೆ ಮೇಲ್ ಕಳಿಸಿದೆ’ ಅಂದರೆ ‘ಐ ರಿಮೆಂಬರ್ಡ್ ಟು ಸೆಂಡ್ ದ ಮೇಲ್’. ಒಂದರಲ್ಲಿ ಕೆಲಸ ಮುಗಿದಿದೆ, ನೆನಪು ಆಮೇಲೆ ಬಂದಿದೆ. ಇನ್ನೊಂದರಲ್ಲಿ ನೆನಪು ಮೊದಲು, ಕೆಲಸ ಆಮೇಲೆ.

‘ಟ್ರೈ’ ಅಂತೂ ಕನ್ನಡದಲ್ಲಿ ಇನ್ನೂ ಚೆಂದ. ಕಿಟಕಿ ಬಿಗಿಯಾಗಿದೆ ಅಂದುಕೊಳ್ಳಿ. ‘ತೆಗೆಯೋಕೆ ನೋಡಿದೆ’ ಅಂದರೆ ಪ್ರಯತ್ನ ಪಟ್ಟೆ, ಬಹುಶಃ ತೆಗೆಯಲು ಆಗಲಿಲ್ಲ. ಅದು ‘ಐ ಟ್ರೈಡ್ ಟು ಓಪನ್ ದ ವಿಂಡೋ’. ಸೆಕೆ ಇತ್ತು, ಕಡಿಮೆ ಆಗುತ್ತೇನೋ ಅಂತ ‘ತೆಗೆದು ನೋಡಿದೆ’ ಅಂದರೆ ಕಿಟಕಿ ತೆರೆದಿದೆ, ಸೆಕೆ ಹೋಯಿತೋ ಇಲ್ಲವೋ ಅದು ಬೇರೆ ಮಾತು. ಅದು ‘ಐ ಟ್ರೈಡ್ ಓಪನಿಂಗ್ ದ ವಿಂಡೋ’. ನಾವು ಬಾಯಿ ತೆರೆದರೆ ‘ಮಾಡಿ ನೋಡು’, ‘ಕೇಳಿ ನೋಡು’, ‘ತಿಂದು ನೋಡು’ ಅನ್ನುವವರು. ಅಲ್ಲೆಲ್ಲ ‘ಟ್ರೈ’ ಮುಂದೆ ‘ಇಂಗ್’ ಹಾಕಿದರೆ ಸಾಕು. ಇದನ್ನು ಶಾಲೆಯಲ್ಲಿ ಯಾಕೆ ಹೀಗೆ ಹೇಳಿಕೊಡುವುದಿಲ್ಲವೋ!

‘ಗೋ ಆನ್’ ಕೂಡ ಇದೇ ಜಾತಿ. ‘ಶಿ ವೆಂಟ್ ಆನ್ ಟಾಕಿಂಗ್’ ಅಂದರೆ ಮಾತಾಡುತ್ತಲೇ ಇದ್ದಳು. ‘ಶಿ ವೆಂಟ್ ಆನ್ ಟು ಟಾಕ್ ಅಬೌಟ್ ದ ಬಜೆಟ್’ ಅಂದರೆ ಒಂದು ವಿಷಯ ಮುಗಿಸಿ ಬಜೆಟ್ ಮಾತಿಗೆ ಬಂದಳು. ‘ರಿಗ್ರೆಟ್’ ಮುಂದೆ ‘ಟು’ ಬರುವುದು ಹೆಚ್ಚಾಗಿ ‘ವಿ ರಿಗ್ರೆಟ್ ಟು ಇನ್ಫಾರ್ಮ್ ಯೂ’ ಥರದ ಪತ್ರಗಳಲ್ಲಿ. ಕೆಲಸಕ್ಕೆ ಅರ್ಜಿ ಹಾಕಿದವರಿಗೆಲ್ಲ ಗುರುತು ಇರುವ ಸಾಲು. ಮಾಡಿದ್ದಕ್ಕೆ ಪಶ್ಚಾತ್ತಾಪ ಆದರೆ ‘ಐ ರಿಗ್ರೆಟ್ ಲೀವಿಂಗ್ ದಟ್ ಜಾಬ್’.

ಕನ್ನಡ ಎಲ್ಲ ಕಡೆ ಕೈ ಹಿಡಿಯುವುದಿಲ್ಲ. ‘ನೀವು ಬರಬೇಕು ಅಂತ ನನ್ನ ಆಸೆ’ ಅನ್ನುವುದನ್ನು ಹಾಗೇ ಇಳಿಸಿದರೆ ‘ಐ ವಾಂಟ್ ದಟ್ ಯು ಕಮ್’ ಆಗುತ್ತದೆ, ಅದು ಇಂಗ್ಲಿಷ್‌ನಲ್ಲಿ ನಡೆಯಲ್ಲ. ‘ಐ ವಾಂಟ್ ಯು ಟು ಕಮ್’ ಅನ್ನಬೇಕು. ಮೊದಲು ಕ್ರಿಯಾಪದ, ಆಮೇಲೆ ವ್ಯಕ್ತಿ, ಆಮೇಲೆ ‘ಟು’. ಆಸ್ಕ್, ಟೆಲ್, ಅಲೌ, ಎನ್‌ಕರೇಜ್, ಎಕ್ಸ್‌ಪೆಕ್ಟ್ ಎಲ್ಲ ಈ ಸಾಲಿನವೇ. ಕೆಲಸದ ಜಾಗದಲ್ಲಿ ಈ ಸಾಲು ಇಲ್ಲದೆ ದಿನ ಕಳೆಯುವುದಿಲ್ಲ, ಒಬ್ಬರಿಗೊಬ್ಬರು ಏನಾದರೂ ಮಾಡಿ ಅಂತ ಹೇಳುತ್ತಲೇ ಇರುತ್ತೇವಲ್ವಾ? ‘ಸಜೆಸ್ಟ್’ ಮಾತ್ರ ಈ ಸಾಲಿಗೆ ಸೇರುವುದಿಲ್ಲ. ‘ಶಿ ಸಜೆಸ್ಟೆಡ್ ಮಿ ಟು ಗೋ’ ತಪ್ಪು. ‘ಶಿ ಸಜೆಸ್ಟೆಡ್ ಗೋಯಿಂಗ್’ ಅಥವಾ ‘ಶಿ ಸಜೆಸ್ಟೆಡ್ ದಟ್ ಐ ಗೋ’ ಸರಿ.

‘ಮೇಕ್’, ‘ಲೆಟ್’ ಎರಡಕ್ಕೂ ಬಾಲದಲ್ಲಿ ‘ಟು’ ಇಲ್ಲ. ‘ದೇ ಮೇಡ್ ಮಿ ರೈಟ್ ದ ರಿಪೋರ್ಟ್ ಅಗೇನ್’ ಅಂದರೆ ವರದಿಯನ್ನು ಮತ್ತೆ ಬರೆಸಿದರು. ‘ದೇ ಲೆಟ್ ಮಿ ಲೀವ್ ಅರ್ಲಿ’ ಅಂದರೆ ಬೇಗ ಹೋಗೋಕೆ ಬಿಟ್ಟರು. ನಮ್ಮ ‘ಬರೆಸು’, ‘ಮಾಡಿಸು’ ಬರುವ ಕಡೆ ‘ಮೇಕ್’ ಹೊಂದುತ್ತದೆ, ‘ಬಿಡು’ ಬರುವ ಕಡೆ ‘ಲೆಟ್’. ಆದರೆ ವಾಕ್ಯವನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದ ಕೂಡಲೇ ‘ಟು’ ಎಲ್ಲಿಂದಲೋ ಬಂದು ಕೂರುತ್ತದೆ. ‘ಐ ವಾಸ್ ಮೇಡ್ ಟು ರೈಟ್ ಇಟ್ ಅಗೇನ್’. ‘ಲೆಟ್’ ಹೀಗೆ ತಿರುಗುವುದಿಲ್ಲ, ಆಗ ‘ಐ ವಾಸ್ ಅಲೌಡ್ ಟು ಲೀವ್’ ಅನ್ನಬೇಕು.

‘ಟು’ ಕಂಡ ಕಡೆಯೆಲ್ಲ ಮೂಲ ಕ್ರಿಯಾಪದ ಅಂದುಕೊಳ್ಳುವ ಹಾಗೂ ಇಲ್ಲ. ಮೇಲ್ ಕೊನೆಯಲ್ಲಿ ಬರೆಯುತ್ತೇವಲ್ಲ, ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯೂ’. ಅಲ್ಲಿ ‘ಹಿಯರ್’ ಅಲ್ಲ, ‘ಹಿಯರಿಂಗ್’. ನಾನು ಮಾಡುವ ಪರೀಕ್ಷೆ ಸರಳ. ‘ಟು’ ಆದಮೇಲೆ ‘ಇಟ್’ ಹಾಕಿ ವಾಕ್ಯ ನಿಲ್ಲುತ್ತದಾ ನೋಡುತ್ತೇನೆ. ‘ಐ ಲುಕ್ ಫಾರ್ವರ್ಡ್ ಟು ಇಟ್’ ನಿಲ್ಲುತ್ತದೆ, ಹಾಗಾದರೆ ಮುಂದೆ ‘ಇಂಗ್’. ‘ಐ ವಾಂಟ್ ಟು ಇಟ್’ ನಿಲ್ಲುವುದಿಲ್ಲ, ಹಾಗಾದರೆ ಮೂಲ ಕ್ರಿಯಾಪದ. ‘ಐ ಆ್ಯಮ್ ಯೂಸ್ಡ್ ಟು ವರ್ಕಿಂಗ್ ನೈಟ್ಸ್’ ಅಂದರೆ ರಾತ್ರಿ ಕೆಲಸ ರೂಢಿಯಾಗಿದೆ. ‘ಐ ಯೂಸ್ಡ್ ಟು ವರ್ಕ್ ನೈಟ್ಸ್’ ಅಂದರೆ ಮೊದಲು ಮಾಡುತ್ತಿದ್ದೆ, ಈಗಿಲ್ಲ. ಸಂದರ್ಶನದಲ್ಲಿ ಇವೆರಡು ಅದಲು ಬದಲಾದರೆ ಕೇಳುವವರಿಗೆ ಬೇರೆಯೇ ಕಥೆ ಮುಟ್ಟುತ್ತದೆ.

ಅನುಮಾನ ಬಂದಾಗ ನಾನು ನಂಬುವುದು ಕಲಿಯುವವರಿಗೆಂದೇ ಮಾಡಿದ ನಿಘಂಟನ್ನು. ಬಾಲವನ್ನು ನಿಘಂಟಿನಲ್ಲೇ ಕೊಡುವ ಈ ಪದ್ಧತಿಗೆ ವಯಸ್ಸಾಗಿದೆ. ಎ. ಎಸ್. ಹಾರ್ನ್‌ಬಿ ಎಂಬ ಇಂಗ್ಲಿಷ್ ಮೇಷ್ಟ್ರು ಜಪಾನಿನಲ್ಲಿ ಪಾಠ ಮಾಡುತ್ತಾ, ಜೊತೆಗಾರರ ಜೊತೆ ಸೇರಿ ಅಂಥದ್ದೊಂದು ನಿಘಂಟು ಮಾಡಿದರು. ಅದು 1942ರಲ್ಲಿ ಟೋಕಿಯೋದಲ್ಲಿ ಹೊರಬಂತು, 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮತ್ತೆ ಮುದ್ರಿಸಿತು. ಇವತ್ತಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಅದರ ಮುಂದುವರಿಕೆ. ಕ್ರಿಯಾಪದಗಳನ್ನು ಹಾರ್ನ್‌ಬಿ 25 ಮಾದರಿಗಳಾಗಿ ವಿಂಗಡಿಸಿದ್ದರು. ಈಗ ಅಷ್ಟು ಸಂಖ್ಯೆ ನೆನಪಿಡಬೇಕಿಲ್ಲ. ಪದದ ಕೆಳಗೆ ‘ಡೂಯಿಂಗ್ ಸಮ್‌ಥಿಂಗ್’ ಅಂತಲೋ ‘ಟು ಡು ಸಮ್‌ಥಿಂಗ್’ ಅಂತಲೋ ನೇರವಾಗಿ ಕೊಟ್ಟಿರುತ್ತಾರೆ, ಕೆಲವು ಕಡೆ ‘ಸಮ್‌ಬಡಿ’, ‘ಸಮ್‌ಥಿಂಗ್’ ಎರಡನ್ನೂ ಚಿಕ್ಕದು ಮಾಡಿ. ಅರ್ಥ ಓದಿ ಮುಚ್ಚಿಡುವ ಮೊದಲು ಆ ಒಂದು ಸಾಲು ನೋಡಿದರೆ ಅರ್ಧ ಕೆಲಸ ಆದಂತೆ.

ಪದಗಳ ವಿಷಯಕ್ಕೆ ಬಂದರೆ, ಕೆಲಸದ ಪದಗಳನ್ನೂ ಹೀಗೇ ಜೊತೆಗಾರರ ಸಮೇತ ಹಿಡಿದೆ. ‘ಜಾಬ್’ ಎಣಿಸಬಹುದು, ‘ವರ್ಕ್’ ಎಣಿಸೋಕೆ ಬರಲ್ಲ. ‘ಐ ಫೌಂಡ್ ಎ ಜಾಬ್’ ಸರಿ, ಅದೇ ಜಾಗದಲ್ಲಿ ‘ಎ ವರ್ಕ್’ ಕೂರುವುದಿಲ್ಲ. ‘ವರ್ಕ್’ ಮುಂದೆ ‘ಆ್ಯಸ್’ ಬಂದರೆ ಹುದ್ದೆ, ‘ಫಾರ್’ ಬಂದರೆ ಸಂಸ್ಥೆ, ‘ಇನ್’ ಬಂದರೆ ಕ್ಷೇತ್ರ. ತಿಂಗಳ ಸಂಬಳ ‘ಸ್ಯಾಲರಿ’, ಗಂಟೆ ಅಥವಾ ವಾರದ ಲೆಕ್ಕದ ಕೂಲಿ ‘ವೇಜಸ್’. ಕಂಪನಿ ಖರ್ಚು ಇಳಿಸೋಕೆ ಜನರನ್ನು ತೆಗೆದರೆ ‘ಲೇಡ್ ಆಫ್’, ತಪ್ಪಿಗೆ ತೆಗೆದರೆ ‘ಫೈರ್ಡ್’. ಕೆಲಸ ಹೋದವರ ಬಗ್ಗೆ ಮಾತಾಡುವಾಗ ಈ ವ್ಯತ್ಯಾಸ ತಿಳಿಯದೆ ಬಾಯಿ ಬಿಡದಿರುವುದೇ ಒಳ್ಳೆಯದು. ‘ವಾಟ್ ಡು ಯು ಡು?’ ಅಂದರೆ ಉದ್ಯೋಗ ಏನು ಎಂಬ ಪ್ರಶ್ನೆ, ಈ ಗಳಿಗೆಯಲ್ಲಿ ಏನು ಮಾಡ್ತಿದ್ದೀರಿ ಅಂತಲ್ಲ.

ಬಿಡುವಿನ ಪದಗಳಲ್ಲಿ ಪ್ಲೇ, ಗೋ, ಡು ಮೂರನ್ನು ಸರಿಯಾಗಿ ಹಿಡಿದರೆ ಬಹುಪಾಲು ಮುಗಿಯಿತು. ಚೆಂಡಾಟ, ಚೆಸ್, ಎದುರಾಳಿ ಇರುವ ಆಟಗಳಿಗೆ ‘ಪ್ಲೇ’. ‘ಇಂಗ್’ ಇರುವ ಓಡಾಟದ ಹವ್ಯಾಸಗಳಿಗೆ ‘ಗೋ’, ಅಂದರೆ ಗೋ ಸ್ವಿಮ್ಮಿಂಗ್, ಗೋ ಸೈಕ್ಲಿಂಗ್, ಗೋ ಹೈಕಿಂಗ್. ಯೋಗ, ಕರಾಟೆ, ಪದಬಂಧಕ್ಕೆ ‘ಡು’. ಹೊಸ ಹವ್ಯಾಸ ಶುರು ಮಾಡಿದರೆ ‘ಟೇಕ್ ಅಪ್’, ಬಿಟ್ಟರೆ ‘ಗಿವ್ ಅಪ್’, ಎರಡಕ್ಕೂ ಬಾಲ ‘ಇಂಗ್’. ಇನ್ನು ಬೇಜಾರಾದರೆ ‘ಬೋರ್ಡ್’. ‘ಐ ಆ್ಯಮ್ ಬೋರಿಂಗ್’ ಅಂದರೆ ನಾನೇ ಬೇಜಾರು ಹಿಡಿಸುವ ಮನುಷ್ಯ ಅಂತ ಆಗುತ್ತದೆ.

ಅಭ್ಯಾಸಕ್ಕೆ ನನಗೆ ಒದಗಿದ್ದು ಉದ್ಯೋಗದ ಜಾಹೀರಾತುಗಳು. ಕೆಲಸ ಬೇಕಿಲ್ಲದಿದ್ದರೂ ಓದುತ್ತೇನೆ. ‘ರೆಸ್ಪಾನ್ಸಿಬಲ್ ಫಾರ್ ಟ್ರೈನಿಂಗ್’, ‘ವಿಲ್ಲಿಂಗ್ ಟು ಟ್ರ್ಯಾವೆಲ್’, ‘ಎಕ್ಸ್‌ಪೀರಿಯನ್ಸ್ ಇನ್ ಹ್ಯಾಂಡ್ಲಿಂಗ್’ ಹೀಗೆ ಸಾಲು ಸಾಲಾಗಿ ಬಾಲಗಳೇ. ಪೆನ್ಸಿಲ್ ಹಿಡಿದು ಅಡಿಗೆರೆ ಎಳೆಯುತ್ತೇನೆ, ಆಮೇಲೆ ಅದೇ ತುಂಡನ್ನು ನನ್ನ ಕೆಲಸಕ್ಕೆ ಹೊಂದಿಸಿ ಗಟ್ಟಿಯಾಗಿ ಹೇಳುತ್ತೇನೆ. ನಡೆಯುತ್ತಾ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳುವುದೂ ಉಂಟು. ಕಣ್ಣಿಗೆ ಸರಿ ಕಂಡದ್ದು ಕೆಲವು ಸಲ ಕಿವಿಗೆ ಮುಗ್ಗರಿಸುತ್ತದೆ, ಆ ವಾಕ್ಯ ಇನ್ನೂ ನನ್ನದಾಗಿಲ್ಲ ಅಂತ ಗೊತ್ತಾಗುತ್ತದೆ.

ಈಗ ನೋಟ್‌ಬುಕ್‌ನಲ್ಲಿ ‘ಪ್ರಿಫರ್’ ನಡೆಯುತ್ತಿದೆ. ‘ಐ ಪ್ರಿಫರ್ ವರ್ಕಿಂಗ್ ಫ್ರಮ್ ಹೋಮ್ ಟು ಕಮ್ಯೂಟಿಂಗ್’ ಎಂಬಲ್ಲಿ ನಡುವಿನ ‘ಟು’ ಹೋಲಿಕೆಯದು, ಎರಡೂ ಕಡೆ ‘ಇಂಗ್’. ‘ಪ್ರಿಫರ್’ಗಿಂತ ಮೊದಲು ‘ವುಡ್’ ಸೇರಿದರೆ ‘ಐ ವುಡ್ ಪ್ರಿಫರ್ ಟು ಸ್ಟೇ’. ಅದೇ ಮಾತನ್ನು ‘ಐ ವುಡ್ ರಾದರ್ ಸ್ಟೇ’ ಅಂದರೆ ‘ಟು’ ಮತ್ತೆ ಮಾಯ. ಕೆಲಸದ ಸಾಲು ಬರೆದಾಗಿದೆ, ಬಿಡುವಿನದಕ್ಕೆ ಜಾಗ ಖಾಲಿ ಬಿಟ್ಟಿದ್ದೇನೆ.